ಸಾಲಹಳ್ಳಿಯಿಂದ ನವಿಲುತೀರ್ಥಕ್ಕೆ

ಯಾತ್ರೆಗೆಂದು ಮನೆಯಿಂದ ಹೊರಡುವವರು ಸಾಮಾನ್ಯವಾಗಿ ದೇವರ ದರ್ಶನವನ್ನೋ ಗುರುಗಳ ಆಶೀರ್ವಾದವನ್ನೋ ಬಂಧುಗಳ ಭೇಟಿಯನ್ನೋ ಬಯಸಿ ಹೊರಡುತ್ತಾರೆ. ನಾವು ಈ ಸಲ ಹೊರಟದ್ದು ಬಯಲನ್ನೂ ಬೆಟ್ಟವನ್ನೂ ಅಲ್ಲಿರುವ ಪಶುಪಕ್ಷಿಗಳನ್ನೂ ನೋಡಲು, ಸಾಧ್ಯವಾದರೆ ಅವುಗಳ ಛಾಯಾಚಿತ್ರಗಳನ್ನು ತೆಗೆಯಲು. ಅದೂ ಒಬ್ಬರೇ, ಹಳೆಯ ಸ್ಪ್ಲೆಂಡರ್ ಮೋಟಾರ್ ಸೈಕಲ್ಲಿನ ಮೇಲೆ, ರಾತ್ರಿ ತಂಗಲು ಹಿಂದುಗಡೆ ಬಿಗಿದುಕೊಂಡ ಚಿಕ್ಕದೊಂದು ಡೇರೆಯೊಡನೆ. ಅರವತ್ತು ದಾಟಿದವರಿಗೆ ಇದೆಂಥ ಹವ್ಯಾಸವೆಂದು ಮನೆಯವರು ಆಕ್ಷೇಪಿಸಿದರು. ಸೊಸೆ ಬುತ್ತಿ ಕಟ್ಟುತ್ತ, "ಮಾವಾರ, ದಿನಾ ಸಂಜೀಕೆ ಫೋನ್ ಮಾಡಬೇಕ್ರಿ. ಮಾಡಲಿಲ್ಲಂದ್ರ ನಾವ ಹುಡಿಕ್ಕೊಂಡು ಬರ್ತೀವಿ" ಎಂದು ಕರಾರು ಹಾಕಿದಳು. ಆ ಕರಾರಿಗೆ ಒಪ್ಪಿ, ರೊಟ್ಟಿ, ಶೇಂಗಾ ಚಟ್ನಿ, ಪೂಜೆಯ ಪರಿಕರಗಳು, ಕ್ಯಾಮೆರಾ ಇಷ್ಟನ್ನೇ ಹೊತ್ತು ಫಾಲ್ಗುಣ ಮಾಸದ ಕೊನೆಯ ವಾರದಲ್ಲಿ ಹೊರಟೆವು.

ಮಠದಲ್ಲಿ ಕಲಿತವರ ಕೈಗೆ ಕ್ಯಾಮೆರಾ ಹೇಗೆ ಬಂದಿತೆಂದು ಓದುಗರು ಕೇಳಬಹುದು. ವಿದ್ಯಾರ್ಥಿದೆಸೆಯಲ್ಲಿ ನಮಗೆ ಒಪ್ಪಿಸಿದ್ದ ಕೆಲಸವೆಂದರೆ ತಾಡೋಲೆಯ ಗ್ರಂಥಗಳ ಪ್ರತಿ ಮಾಡುವುದು. ಕೆಲವು ಗರಿಗಳು ಎಷ್ಟು ಜೀರ್ಣವಾಗಿರುತ್ತಿದ್ದವೆಂದರೆ ಎರಡನೆಯ ಬಾರಿ ಮುಟ್ಟಲು ಧೈರ್ಯ ಸಾಲದು. ಆಗ ಅವುಗಳ ಛಾಯಾಚಿತ್ರ ತೆಗೆದಿಟ್ಟುಕೊಂಡು ಚಿತ್ರದಿಂದಲೇ ಓದುವ ರೂಢಿಯಾಯಿತು. ಒಂದು ಸುರುಳಿಗೆ 36 ಚಿತ್ರಗಳು ಮಾತ್ರ. ಒಂದೂ ಕೆಡದಂತೆ ಬೆಳಕನ್ನು ಅಳೆದು, ಉಸಿರು ಬಿಗಿಹಿಡಿದು ತೆಗೆಯಬೇಕು. ಓಲೆಗರಿಯಿಂದ ಶಾಸನದ ಕಲ್ಲಿಗೆ, ಕಲ್ಲಿನಿಂದ ಅದರ ಮೇಲೆ ಬಂದು ಕುಳಿತ ಹಕ್ಕಿಗೆ ಕ್ಯಾಮೆರಾ ಹೊರಳಿದ್ದು ಹೇಗೋ ನಮಗೇ ತಿಳಿಯದು. ಸಂಡೂರಿನ ಎಂ. ವೈ. ಘೋರ್ಪಡೆಯವರು, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮತ್ತು ಇ. ಹನುಮಂತರಾವ್ ಅವರು ತೆಗೆದ ವನ್ಯಜೀವಿ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡು ಬೆರಗಾಗುತ್ತಿದ್ದ ಕಾಲವದು. ಅವರದು ತಪಸ್ಸು, ನಮ್ಮದು ಬಿಡುವಿನ ವೇಳೆಯ ಹವ್ಯಾಸ. ಆದರೆ ಹವ್ಯಾಸಕ್ಕೂ ಧರ್ಮವೊಂದು ಇರಬೇಕೆಂಬುದನ್ನು ಈ ಪ್ರಯಾಣವೇ ನಮಗೆ ಕಲಿಸಿತು.

ರಾಮದುರ್ಗ ತಾಲೂಕಿನ ಸಾಲಹಳ್ಳಿಯನ್ನು ತಲುಪಿದಾಗ ಸಂಜೆಯಾಗಿತ್ತು. ಇದು ಮಲಪ್ರಭೆಯ ಸೀಮೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟ ಮಳೆಯಲ್ಲಿ ಹುಟ್ಟುವ ಈ ಹೊಳೆ ಸುಮಾರು 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸಂಗಮದ ಮಹಿಮೆಯನ್ನು ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಹುಟ್ಟಿಗೂ ಸಂಗಮಕ್ಕೂ ನಡುವೆ ಇರುವ ಈ ನಾಡು ಮಾತ್ರ ಮಳೆಯ ನೆರಳಿನ ನಾಡು. ಪಡುವಣ ಮೋಡಗಳು ಘಟ್ಟದ ಮೇಲೆಯೇ ಬರಿದಾಗಿ ಬರುವುದರಿಂದ ಇಲ್ಲಿ ಕಾಡಿಗಿಂತ ಬಯಲು ಹೆಚ್ಚು. ಕಪ್ಪು ಎರೆಮಣ್ಣು, ಕುರುಚಲು ಗಿಡಗಳ ಕೆಂಪು ಗುಡ್ಡ, ಹೊಲದ ಬದುವಿಗೆ ಬೇವು, ಬನ್ನಿ, ಜಾಲಿ. ಸುಗ್ಗಿ ಮುಗಿದು ಜೋಳದ ಕೂಳೆ ಮಾತ್ರ ಉಳಿದಿರುವ ಈ ದಿನಗಳಲ್ಲಿ ಪರಸ್ಥಳದವರಿಗೆ ಇಲ್ಲಿ ಏನೂ ಇಲ್ಲವೆನಿಸಬಹುದು. ಆದರೆ ಬಯಲಿನ ಜೀವಿಗಳ ಬದುಕು ಬಯಲಿನಲ್ಲಿಯೇ ನಡೆಯುತ್ತದೆ. ಅವುಗಳಿಗೆ ಮರೆಯಿಲ್ಲ, ಮಣ್ಣಿನ ಬಣ್ಣವೇ ಮರೆ.

ಪರಿಚಿತ ರೈತರೊಬ್ಬರ ಅನುಮತಿ ಪಡೆದು, ಕಡಲೆ ಕಿತ್ತಿದ್ದ ಅವರ ಹೊಲದ ಅಂಚಿನಲ್ಲಿ, ಗರಸು ಕಲ್ಲುಗಳಿದ್ದ ಎತ್ತರದ ಜಾಗದಲ್ಲಿ ಡೇರೆ ಹಾಕಿದೆವು. ಕತ್ತಲಾಗುವ ಹೊತ್ತಾದ್ದರಿಂದ ನೆಲವನ್ನು ಸರಿಯಾಗಿ ನೋಡಲಿಲ್ಲ. ನಕ್ಷತ್ರಗಳು ಒಂದೊಂದಾಗಿ ಮೂಡಿದವು. ಸೊಸೆಗೆ ಫೋನ್ ಮಾಡಿ, ರೊಟ್ಟಿ ತಿಂದು ಮಲಗಿದೆವು. ರಾತ್ರಿಯೆಲ್ಲ ಒಂದು ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕೂಗುತ್ತಲೇ ಇತ್ತು. ನರಿಯೊಂದು ಸುಳಿದಿರಬೇಕು, ಅದನ್ನು ಕಂಡು ಕೂಗುತ್ತಿದೆಯೆಂದು ನಮ್ಮಷ್ಟಕ್ಕೆ ಅರ್ಥಮಾಡಿಕೊಂಡೆವು.

ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ ಹೊರಬಂದಾಗಲೂ ಹಕ್ಕಿ ಅಲ್ಲಿಯೇ ಇತ್ತು. ಸೂರ್ಯೋದಯದ ನಂತರದ ಒಂದು ಗಂಟೆಯ ಬೆಳಕು ಛಾಯಾಗ್ರಾಹಕನಿಗೆ ವರವಿದ್ದಂತೆ. ನೆರಳು ಮೃದುವಾಗಿ, ಬಣ್ಣಗಳು ತುಂಬಿಕೊಂಡು ನಿಲ್ಲುತ್ತವೆ. ಕಡಲೆ ತುಂಬಿದ ಬಟ್ಟೆಯ ಚೀಲವೊಂದನ್ನು ಗಾಡಿಯ ಸೀಟಿನ ಮೇಲಿಟ್ಟು, ಅದರ ಮೇಲೆ ಉದ್ದ ಮಸೂರವನ್ನು ಊರಿ, ಸೆಕೆಂಡಿನ ಸಾವಿರದ ಒಂದು ಭಾಗದ ವೇಗವನ್ನಿಟ್ಟು ಕಾದೆವು. ಹಕ್ಕಿ ನೇರವಾಗಿ ನಮ್ಮತ್ತಲೇ ಎರಗಿ ಬಂದು, ತಲೆಯ ಮೇಲೆ ಮೊಳದೆತ್ತರದಲ್ಲಿ ಹಾರಿ, ಮತ್ತೆ ತಿರುಗಿ ಎರಗುತ್ತಿತ್ತು. ಕಪ್ಪು ಬಿಳುಪಿನ ರೆಕ್ಕೆಗಳು ಪೂರ್ತಿ ಬಿಚ್ಚಿಕೊಂಡು, ಕಣ್ಣಿನ ಮುಂದಿನ ಕೆಂಪು ತೊಗಲು ಬೆಳಗಿನ ಬಿಸಿಲಿಗೆ ಹೊಳೆಯುತ್ತ, ಕೊಕ್ಕು ತೆರೆದಿದ್ದ ಆ ನೋಟ ಅಪೂರ್ವವಾಗಿತ್ತು. ನೂರರಷ್ಟು ಚಿತ್ರಗಳನ್ನು ತೆಗೆದೆವು. ಅವುಗಳಲ್ಲೊಂದು ನಮ್ಮ ಈವರೆಗಿನ ಚಿತ್ರಗಳಲ್ಲೆಲ್ಲ ಶ್ರೇಷ್ಠವಾದುದೆಂದು ಕ್ಯಾಮೆರಾದ ಪರದೆಯಲ್ಲಿ ಕಂಡು ಹಿಗ್ಗಿದೆವು.

ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ಚುರುಕಾಯಿತು. ಕುರಿಗಳನ್ನು ಹೊಡೆದುಕೊಂಡು ಬಂದ ವೃದ್ಧರೊಬ್ಬರು ದೂರದಲ್ಲಿಯೇ ನಿಂತು ಹಕ್ಕಿಯನ್ನೂ ನಮ್ಮನ್ನೂ ನೋಡಿದರು. ಕುರಿಗಳನ್ನು ಆಚೆಗೆ ತಿರುಗಿಸಿ ಬಂದು ಕೈಮುಗಿದು, "ಶಾಸ್ತ್ರೀಗಳ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಡೇರೆ ಹಾಕಿದ್ದು ಅದರ ಮನಿ ಬಾಗಿಲದಾಗ ಐತ್ರಿ. ಅದು ರಾತ್ರಿಯಿಂದ ಹೊರಗ ನಿಂತೈತಿ" ಎಂದರು.

ಅವರು ತೋರಿಸಿದ ಕಡೆ ನೋಡಿದೆವು. ಡೇರೆಯ ಹಗ್ಗದಿಂದ ಹತ್ತು ಹೆಜ್ಜೆಯಾಚೆ, ಗರಸಿನ ನಡುವೆ ಅಂಗೈಯಗಲದ ತಗ್ಗು. ಅದರಲ್ಲಿ ಚೂಪು ತುದಿಗಳನ್ನು ಒಳಗೆ ಮಾಡಿಕೊಂಡ ನಾಲ್ಕು ತತ್ತಿಗಳು. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳು. ಕಲ್ಲಿಗೂ ಅವಕ್ಕೂ ಭೇದವಿರಲಿಲ್ಲ. ಸಂಜೆಯ ಮಬ್ಬಿನಲ್ಲಿ ಗೂಟ ಹೊಡೆಯುವಾಗ ಅವುಗಳ ಮೇಲೆ ಕಾಲಿಡದಿದ್ದುದು ದೈವಕೃಪೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ನೆಲವೇ ಅದರ ಗೂಡು. ಗಂಡು ಹೆಣ್ಣು ಸರದಿಯಂತೆ ನಾಲ್ಕು ವಾರಗಳಷ್ಟು ಕಾಲ ತತ್ತಿಗಳ ಮೇಲೆ ಕೂರುತ್ತವೆ. ರಾತ್ರಿಯ ತಂಪಿನಲ್ಲಿ ಕೂರುವುದು ಕಾವು ಕೊಡಲು. ಬೇಸಗೆಯ ಹಗಲಿನಲ್ಲಿ ಕೂರುವುದು ಬಿಸಿಲಿಗೆ ತತ್ತಿ ಬೇಯದಂತೆ ನೆರಳಾಗಲು. ಇದನ್ನೆಲ್ಲ ನಾವು ಪುಸ್ತಕಗಳಲ್ಲಿ ಓದಿದವರೇ. ಪಂಚತಂತ್ರದಲ್ಲಿ ತತ್ತಿಗಳಿಗಾಗಿ ಸಮುದ್ರದೊಡನೆಯೇ ಹಟಕ್ಕೆ ಬಿದ್ದ ಟಿಟ್ಟಿಭ ದಂಪತಿಗಳ ಕಥೆಯನ್ನು ಮಕ್ಕಳಿಗೆ ಹೇಳಿದವರೇ. ಆದರೆ ತಲೆಯ ಮೇಲೆ ರಾತ್ರಿಯಿಡೀ ಕೂಗಿದ ಹಕ್ಕಿಯ ಮಾತು ನಮಗೆ ತಿಳಿಯಲಿಲ್ಲ. ಓದು ಬಾರದ ಆ ಹಿರಿಯರಿಗೆ ತಿಳಿಯಿತು.

ಒಂದು ಮಾತನ್ನೂ ಆಡದೆ ಡೇರೆ ಬಿಚ್ಚಿದೆವು. ಅವಸರದಲ್ಲಿ ನಮ್ಮ ಕೈಗಳು ನಡುಗುತ್ತಿದ್ದವು. ಆ ಹಿರಿಯರೇ ಗೂಟ ಕೀಳಲು ನೆರವಾದರು. ಇನ್ನೂರು ಹೆಜ್ಜೆಯಾಚೆ, ಹೊಲದ ಮತ್ತೊಂದು ಅಂಚಿನ ಬೇವಿನ ಮರದ ಬುಡಕ್ಕೆ ಹೋಗಿ ಇಬ್ಬರೂ ಕುಳಿತೆವು. ಹಕ್ಕಿಯ ಕೂಗು ನಿಂತಿತು. ಅದು ನೇರವಾಗಿ ತತ್ತಿಯ ಬಳಿಗೆ ಹೋಗಲಿಲ್ಲ. ಬಾವಿಯ ಹತ್ತಿರ ದನಗಳಿಗೆಂದು ತುಂಬಿಸಿದ್ದ ದೋಣಿಯ ಕೆಳಗೆ ನೀರು ನಿಂತಿತ್ತು. ಅಲ್ಲಿಳಿದು ಎದೆಯ ಪುಕ್ಕಗಳನ್ನು ನೆನೆಸಿಕೊಂಡಿತು. ಬಳಿಕ ಬೇರೆಲ್ಲಿಗೋ ಹೋಗುವಂತೆ ನಡೆಯುತ್ತ, ನಿಲ್ಲುತ್ತ, ಸುತ್ತುಬಳಸಿ ಬಂದು ತತ್ತಿಗಳ ಮೇಲೆ ಕುಳಿತಿತು. ಒದ್ದೆಯ ಎದೆಯಿಂದ ತತ್ತಿಗಳನ್ನು ತಣಿಸುವ ಈ ಕ್ರಮವನ್ನು ಪಕ್ಷಿತಜ್ಞರು ಬರೆದಿದ್ದಾರೆ. ಕಣ್ಣಾರೆ ಕಂಡಾಗ ಮಾತ್ರ ನಮ್ಮ ಕೊರಳು ಕಟ್ಟಿತು. ಕ್ಯಾಮೆರಾ ಮಡಿಲಲ್ಲಿಯೇ ಇತ್ತು. "ಈಗ ತೆಗೀರಲ್ರಿ" ಎಂದರು ಹಿರಿಯರು. ತೆಗೆದೆವು. ಅಷ್ಟು ದೂರದಿಂದ ಅದು ಜೋಳದ ಕಾಳಿನಷ್ಟು ಕಂಡಿತು.

ಮುಂದಿನ ಎರಡು ದಿನಗಳ ಸಂಚಾರವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸುರೇಬಾನದ ಸಮೀಪದ ಶಬರಿಕೊಳ್ಳಕ್ಕೆ ಹೋಗುವ ದಾರಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಹಿಂದಿನ ಗಾಲಿಯನ್ನು ಚುಚ್ಚಿ ಗಾಳಿ ಹೋಯಿತು. ಬಿಸಿಲಿನಲ್ಲಿ ಗಾಡಿ ತಳ್ಳುತ್ತಿದ್ದ ನಮ್ಮನ್ನು ಕಂಡು ಟ್ರ್ಯಾಕ್ಟರಿನ ಯುವಕನೊಬ್ಬ ಇಳಿದು, ಪಂಕ್ಚರ್ ತಿದ್ದಿಸಿಕೊಟ್ಟು, ಹಣ ಕೊಡಹೋದರೆ ಕೈಮುಗಿದು ಹೊರಟುಹೋದ. ಶಬರಿಯ ಹೆಸರಿನ ಆ ಕೊಳ್ಳದಲ್ಲಿ ಗುಡ್ಡದ ಕಲ್ಲು ಪದರಪದರವಾಗಿ, ಜೋಡಿಸಿಟ್ಟ ಓಲೆಯ ಕಟ್ಟುಗಳಂತೆ ಕಾಣುತ್ತದೆ. ಬೇಸಗೆಯಾದ್ದರಿಂದ ಗಿಡಗಳೆಲ್ಲ ಬರಿದಾಗಿದ್ದವು. ಮುತ್ತುಗ ಮಾತ್ರ ಎಲೆಯಿಲ್ಲದೆ ಹೂಬಿಟ್ಟಿತ್ತು. ಕಾಯುತ್ತ ಕುಳಿತವರ ಬಳಿಗೆ ನೀಲಕಂಠ ಬಂದಿತು, ಕಾಜಾಣ ಬಂದಿತು. ನಾವಾಗಿ ಯಾವುದರ ಬಳಿಗೂ ಹೋಗಲಿಲ್ಲ. ಸಂಜೆ ತೊರಗಲ್ಲಿನ ಕೋಟೆಯನ್ನೂ ಭೂತನಾಥನ ಗುಡಿಯನ್ನೂ ನೋಡಿ, ಅಲ್ಲಿಯ ಭಕ್ತರೊಬ್ಬರ ಅಂಗಳದಲ್ಲಿ ಡೇರೆ ಹಾಕಿದೆವು. ಹಾಕುವ ಮುನ್ನ ದೀಪ ಹಿಡಿದು ನೆಲವನ್ನೆಲ್ಲ ನೋಡಿದುದನ್ನು ಕಂಡು ಮನೆಯ ಮಕ್ಕಳು ನಕ್ಕರು. ಕಾರಣ ಹೇಳಿದ ಮೇಲೆ ನಗಲಿಲ್ಲ.

ಮರುದಿನ ಸವದತ್ತಿಯ ನವಿಲುತೀರ್ಥ. ಮಲಪ್ರಭೆ ಇಲ್ಲಿ ಗಟ್ಟಿಕಲ್ಲಿನ ಗುಡ್ಡವನ್ನು ಕೊರೆದು ಇಕ್ಕಟ್ಟಾದ ಕಣಿವೆಯ ಮೂಲಕ ದಾರಿ ಮಾಡಿಕೊಂಡಿದೆ. ಇಲ್ಲಿಯೇ ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತ ನೀರೇ ರೇಣುಕಾಸಾಗರ. ಅಣೆಕಟ್ಟಿನತ್ತ ಕ್ಯಾಮೆರಾ ತಿರುಗಿಸದೆ, ಗುಡ್ಡದ ಮಗ್ಗುಲಿನ ಸಾರ್ವಜನಿಕ ದಾರಿಯಲ್ಲಿಯೇ ಕುಳಿತೆವು. ಸ್ಥಳದ ಹೆಸರು ಸುಳ್ಳಾಗಲಿಲ್ಲ. ಇಳಿಹೊತ್ತಿಗೆ ಕೇಕೆ ಕೇಳಿಸಿತು. ಬಂಡೆಯ ನೆತ್ತಿಯ ಮೇಲೆ ಗಂಡು ನವಿಲೊಂದು ಬಂದು ನಿಂತಿತು. 1963ರಿಂದ ನಮ್ಮ ರಾಷ್ಟ್ರಪಕ್ಷಿಯೆನಿಸಿದ ಈ ಪ್ರಾಣಿಗೆ ತನ್ನ ಪದವಿಯ ಅರಿವಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಅಡ್ಡಬಂದ ಕೊಂಬೆ ತಪ್ಪಿ ಒಳ್ಳೆಯ ಚಿತ್ರ ಸಿಗುತ್ತಿತ್ತು. ನವಿಲು ಕತ್ತೆತ್ತಿ ನಮ್ಮನ್ನು ನೋಡಿತು. ನಾವು ಕುಳಿತಲ್ಲಿಯೇ ಕುಳಿತೆವು. ನಮ್ಮ ಚಿತ್ರದಲ್ಲಿ ಆ ಕೊಂಬೆ ಈಗಲೂ ನವಿಲಿನ ಎದೆಗೆ ಅಡ್ಡವಾಗಿಯೇ ಇದೆ.

ಈಗ ಪ್ರತಿಯೊಂದು ಮನೆಯಲ್ಲಿಯೂ ಕ್ಯಾಮೆರಾ ಇದೆ. ಮೊಬೈಲು ಹಿಡಿದ ಮಗುವೂ ಛಾಯಾಗ್ರಾಹಕನೇ. ಆದ್ದರಿಂದ ಹಿರಿಯರಾಗಿ ಎರಡು ಮಾತು ಹೇಳುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಬಂದೂಕಿನ ಬದಲು ಕ್ಯಾಮೆರಾ ಬಂದುದು ಒಳಿತೇ ಆಯಿತು. ಆದರೆ ತತ್ತಿ ಮರಿಗಳಿರುವಲ್ಲಿ ನಮ್ಮ ಸಾನ್ನಿಧ್ಯವೇ ಹಿಂಸೆಯಾಗಬಲ್ಲುದು. ತಾಯಿ ಎದ್ದುಹೋದ ಅರ್ಧ ಗಂಟೆಯಲ್ಲಿ ಕಾಗೆಯೋ ಬಿಸಿಲೋ ತನ್ನ ಕೆಲಸ ಮುಗಿಸಬಹುದು. ಹಕ್ಕಿ ಕೂಗುತ್ತ ಎರಗಿದರೆ ಅದು ನಮಗೆ ಚಿತ್ರ ಕೊಡಲು ಬಂದುದಲ್ಲ, ಹಿಂದೆ ಸರಿಯಿರೆಂದು ಬೇಡಲು ಬಂದುದು. ಡೇರೆ ಹಾಕುವವರು ಹಗಲಿರುವಾಗಲೇ ನೆಲ ನೋಡಬೇಕು. ಹೊಲವಾದರೆ ಒಡೆಯನ, ಅರಣ್ಯವಾದರೆ ಇಲಾಖೆಯ ಅನುಮತಿ ಪಡೆಯಬೇಕು. ದಯೆಯನ್ನು ಧರ್ಮದ ಬೇರೆಂದು ನಂಬಿದ ಪರಂಪರೆ ನಮ್ಮದು. ಜೀರ್ಣವಾದ ಓಲೆಗರಿಯನ್ನು ಉಸಿರು ತಾಗದಂತೆ ಮುಟ್ಟುತ್ತಿದ್ದ ನಾವೇ ಉಸಿರಾಡುವ ಜೀವದ ಬಾಗಿಲಲ್ಲಿ ಗೂಟ ಹೊಡೆದು ಕುಳಿತಿದ್ದೆವೆಂಬುದನ್ನು ನೆನೆದಾಗ ಇಂದಿಗೂ ನಾಚಿಕೆಯಾಗುತ್ತದೆ.

ಹಿಂದಿರುಗುವಾಗ ಮತ್ತೆ ಸಾಲಹಳ್ಳಿಯ ಮೇಲೆಯೇ ಬಂದೆವು. ಗಾಡಿಯನ್ನು ದಾರಿಯಲ್ಲಿ ನಿಲ್ಲಿಸಿ, ಬೇವಿನ ಮರದ ಬುಡದಿಂದ ಮಸೂರದ ಮೂಲಕ ನೋಡಿದೆವು. ಹಕ್ಕಿ ಕುಳಿತಿತ್ತು. ಹೊಲದ ಒಡೆಯರಿಗೆ ವಿಷಯ ತಿಳಿಸಿದಾಗ ಅವರು, "ಅಷ್ಟು ಜಾಗಾ ಹರಗದ ಬಿಡ್ತೀನ್ರಿ, ನಾಕು ಸೇರು ಕಾಳು ಕಡಿಮಿ ಆದ್ರ ಆಗ್ಲಿ" ಎಂದರು. ತಿಂಗಳ ನಂತರ ಅವರಿಂದ ಫೋನ್ ಬಂದಿತು. ತಗ್ಗಿನಲ್ಲಿ ಈಗ ಒಡೆದ ಚಿಪ್ಪುಗಳಿವೆ, ಬದುವಿನ ಕಡೆ ಪುಟ್ಟ ಮರಿಗಳು ಓಡಾಡುವುದನ್ನು ಮಗ ನೋಡಿದ್ದಾನೆ, ಎರಡೋ ಮೂರೋ ತಿಳಿಯಲಿಲ್ಲ, ಹತ್ತಿರ ಹೋಗಿ ಎಣಿಸಲಿಲ್ಲ ಎಂದರು.

ರೆಕ್ಕೆ ಬಿಚ್ಚಿ ಎರಗಿ ಬಂದ ಹಕ್ಕಿಯ ಆ ಶ್ರೇಷ್ಠ ಚಿತ್ರವನ್ನು ನಾವು ಅಳಿಸಿಲ್ಲ. ನಮ್ಮ ತಪ್ಪಿಗೆ ಸಾಕ್ಷಿಯಾಗಿ ಇಟ್ಟುಕೊಂಡಿದ್ದೇವೆ. ಈ ಲೇಖನದೊಡನೆ ಸಂಪಾದಕರಿಗೆ ಕಳುಹಿಸಿರುವುದು ಇನ್ನೊಂದು ಚಿತ್ರ. ಅದರಲ್ಲಿ ಕಪ್ಪು ಹೊಲ, ಬಿಳಿಯ ಬಿಸಿಲು, ನಡುವೆ ಜೋಳದ ಕಾಳಿನಷ್ಟು ಒಂದು ಚುಕ್ಕೆ. ಓದುಗರು ಅದನ್ನು ಸ್ವಲ್ಪ ಹುಡುಕಬೇಕಾದೀತು. ಅದು ತನ್ನ ಮನೆಯಲ್ಲಿದೆ.