ಅರವತ್ತರ ಮೇಲಿನ ಶಾಲೆ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕಟ್ಟಿದವರು ನಲವತ್ತರ ಒಳಗಿನವರೇ ಆಗಿರಬೇಕು. ಎಪ್ಪತ್ತೈದನ್ನು ದಾಟಿರುವ ನಮಗಂತೂ ಹಾಗೆ ತೋರುತ್ತದೆ. ಮರೆವು ಹೆಚ್ಚಿರುವುದು ದಿಟ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಾಡುವುದೂ ಉಂಟು. ಆದರೆ ಕಲಿಯುವುದು ಮಾತ್ರ ನಿಂತಿಲ್ಲ. ನೌಕರಿಯಲ್ಲಿದ್ದಾಗ ಕಲಿಯದ ಎಷ್ಟೋ ಸಂಗತಿಗಳನ್ನು ನಿವೃತ್ತಿಯ ಮೇಲೆ ಕಲಿತಿದ್ದೇವೆ. ಈ ಶಾಲೆಗೆ ಫೀಯಿಲ್ಲ, ಪಠ್ಯಪುಸ್ತಕವಿಲ್ಲ. ಪರೀಕ್ಷೆ ಯಾವ ದಿನ ಬಂದೀತೆಂದು ಮಾತ್ರ ಯಾರೂ ಹೇಳಲಾರರು.

ನಮ್ಮ ವಾಸ ಪುಣೆಯ ಶಿವಾಜಿನಗರದಲ್ಲಿ. ಭಾಂಬುರ್ಡೆ ಎಂಬುದು ಈ ಭಾಗದ ಹಳೆಯ ಹೆಸರು. ಇಲ್ಲಿಯ ಜಂಗಲಿ ಮಹಾರಾಜ ರಸ್ತೆಯ ಬದಿಯಲ್ಲಿ, ಒಂದೇ ಬಂಡೆಯನ್ನು ಕೊರೆದು ಮಾಡಿದ ಪಾತಾಳೇಶ್ವರನ ಗುಡಿಯಿದೆ. ಅದು 8ನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಕನ್ನಡ ನಾಡಿನಿಂದ ಆಳಿದ ಆ ಅರಸರ ಕಾಲದ ನೆರಳಿನಲ್ಲಿ ನಾವು ಎಂಟು ಜನ ಕನ್ನಡ ಮುದುಕರು ಸಂಜೆ ಸೇರುತ್ತೇವೆ. ವಿಜಾಪುರದವರಿದ್ದಾರೆ, ಧಾರವಾಡದವರಿದ್ದಾರೆ, ಕುಂದಾಪುರದವರಿದ್ದಾರೆ, ಮೈಸೂರಿನವರೂ ಒಬ್ಬರಿದ್ದಾರೆ. ಏಳುವ ಹೊತ್ತಾದಾಗ ಧಾರವಾಡದವರು ‘ಹೋಗೂಣು’ ಎನ್ನುತ್ತಾರೆ, ಮೈಸೂರಿನವರು ‘ಹೋಗೋಣ’ ಎನ್ನುತ್ತಾರೆ, ಕುಂದಾಪುರದವರು ‘ಹೋಪ’ ಎನ್ನುತ್ತಾರೆ. ಏಳುವುದು ಮಾತ್ರ ಎಲ್ಲರೂ ಒಂದೇ ರೀತಿ, ಮೊಣಕಾಲು ಹಿಡಿದುಕೊಂಡು.

ಮೊದಲ ಪಾಠ ಕಾಲಿನದೇ. ವಯಸ್ಸಾದವರನ್ನು ಕೆಡಹುವುದು ದೊಡ್ಡ ರಸ್ತೆಗಿಂತ ಹೆಚ್ಚಾಗಿ ಸ್ವಂತ ಮನೆಯ ಬಚ್ಚಲು. ರಾತ್ರಿ ಎಚ್ಚರವಾದಾಗ ದಿಗ್ಗನೆ ಏಳಬಾರದು. ಮಲಗಿದವರು ಒಮ್ಮೆಲೆ ನಿಂತರೆ ರಕ್ತದ ಒತ್ತಡ ಇಳಿದು ತಲೆ ತಿರುಗುತ್ತದೆ. ಹಾಸಿಗೆಯ ಅಂಚಿನಲ್ಲಿ ಕುಳಿತು ನಾಲ್ಕು ಉಸಿರು ಎಳೆದುಕೊಂಡು, ಅನಂತರ ನಿಲ್ಲಬೇಕು. ಬಚ್ಚಲಿನ ಗೋಡೆಗೆ ಹಿಡಿಯಲು ಒಂದು ಸರಳು, ದಾರಿಯಲ್ಲಿ ಒಂದು ಸಣ್ಣ ದೀಪ, ಜಾರುವ ಕಾಲೊರಸಿಗೆ ರಜೆ. ಇಷ್ಟಕ್ಕೆ ಆಗುವ ಖರ್ಚು ಮುರಿದ ಸೊಂಟದ ಶಸ್ತ್ರಕ್ರಿಯೆಯ ಖರ್ಚಿನ ಮುಂದೆ ಯಾವ ಲೆಕ್ಕ?

ಹಾಗೆಂದು ಮನೆಯಲ್ಲೇ ಕುಳಿತಿರಬೇಕೆಂದಲ್ಲ. ಊರು ಬದಲಾದಂತೆ ನಮ್ಮ ಕಾಲೂ ಹೊಸ ದಾರಿಯನ್ನು ಕಲಿಯಬೇಕು. ಶಿವಾಜಿನಗರದ ಎಸ್.ಟಿ. ನಿಲ್ದಾಣವನ್ನು ಮೆಟ್ರೋ ಕೆಲಸಕ್ಕಾಗಿ 2019ರ ಕೊನೆಯಲ್ಲಿ ವಾಕಡೇವಾಡಿಗೆ ಸಾಗಿಸಿದಾಗ ನಾವೆಲ್ಲ ಗೊಣಗಿದೆವು. 2023ರ ಆಗಸ್ಟಿನಲ್ಲಿ ಇಲ್ಲಿಯ ನೆಲದಡಿಯ ಮೆಟ್ರೋ ತೆರೆಯಿತು. 2024ರ ಸಪ್ಟೆಂಬರಿನಲ್ಲಿ ಅದು ಸ್ವಾರಗೇಟಿನವರೆಗೆ ಮುಟ್ಟಿತು. ಜಿಲ್ಲಾ ನ್ಯಾಯಾಲಯದ ನಿಲ್ದಾಣ ಸುಮಾರು 33 ಮೀಟರು ಆಳದಲ್ಲಿದೆ. ‘ಇನ್ನೂ ಕರೆ ಬಂದಿಲ್ಲ, ಈಗಲೇ ಪಾತಾಳಕ್ಕೆ ಯಾಕ್ರೀ?’ ಎಂದು ವಿಜಾಪುರದ ಮಿತ್ರರು ಮೊದಲ ದಿನ ಇಳಿಯಲು ಒಪ್ಪಲಿಲ್ಲ. ಈಗ ಸ್ವಾರಗೇಟಿಗೆ ಹೋಗಿ ಊರಿನ ಬಸ್ಸು ಹಿಡಿಯಲು ಅವರಿಗೆ ಅದೇ ದಾರಿ. ಲಿಫ್ಟು ಎಲ್ಲಿದೆಯೆಂದು ಮೊದಲು ಕೇಳಿಕೊಂಡು ಹೊರಟರಾಯಿತು. 75 ತುಂಬಿದವರಿಗೆ ಎಸ್.ಟಿ. ಪ್ರಯಾಣ 2022ರ ಆಗಸ್ಟಿನಿಂದ ಪುಕ್ಕಟೆ. ಆದರೆ ಈ ಸವಲತ್ತು ಮಹಾರಾಷ್ಟ್ರದ ಗಡಿಯವರೆಗೆ ಮಾತ್ರ. ತವರಿನ ನೆಲಕ್ಕೆ ಕಾಲಿಟ್ಟೊಡನೆ ಟಿಕೀಟು ತೆಗೆಸಬೇಕಾಗುತ್ತದೆಂದು ನಮ್ಮಲ್ಲೊಂದು ನಗೆಮಾತು ಹುಟ್ಟಿಕೊಂಡಿದೆ.

ಎರಡನೆಯ ಪಾಠ ನೆರೆಹೊರೆಯದು. ಮಕ್ಕಳು ಬೆಂಗಳೂರಿನಲ್ಲೋ ಅಮೇರಿಕೆಯಲ್ಲೋ ಇರುತ್ತಾರೆ. ಅವರಿಗೆ ಪ್ರೀತಿಯಿಲ್ಲವೆಂದಲ್ಲ, ಪ್ರೀತಿಗೆ ವಿಮಾನದ ಹೊತ್ತು ಬೇಕು. ಅದಕ್ಕಾಗಿ ನಾವು ಎಂಟು ಜನ ಒಂದು ಕಟ್ಟಳೆ ಮಾಡಿಕೊಂಡೆವು. ಬೆಳಗಿನ ಏಳು ಗಂಟೆಗೆ ಮೊದಲನೆಯವರು ಎರಡನೆಯವರಿಗೆ ಫೋನು ಮಾಡಬೇಕು, ಎರಡನೆಯವರು ಮೂರನೆಯವರಿಗೆ; ಹೀಗೆ ಸುತ್ತಿ ಕೊನೆಯವರು ಮೊದಲಿನವರಿಗೆ. ‘ಎದ್ದಿರೇನ್ರೀ?’ ‘ಎದ್ದೇನ್ರೀ.’ ಇಷ್ಟೇ ಮಾತು. ಮನೆಯ ಹುಡುಗರು ನಕ್ಕರು. ಕಳೆದ ಮಳೆಗಾಲದಲ್ಲಿ ಒಂದು ದಿನ, ಒಬ್ಬರೇ ವಾಸವಾಗಿರುವ ಮಿತ್ರರ ಫೋನು ಮೂರು ಸಲ ಬಾರಿಸಿದರೂ ಎತ್ತಲಿಲ್ಲ. ಎದುರು ಮನೆಯವರ ಬಳಿ ಬೀಗದ ಕೈ ಇಟ್ಟಿರಬೇಕೆಂಬುದೂ ನಮ್ಮ ಕಟ್ಟಳೆಯಲ್ಲಿ ಸೇರಿತ್ತು. ಅವರು ಬಾಗಿಲು ತೆಗೆದು ನೋಡಿದರೆ ಮಿತ್ರರು ಬಚ್ಚಲಲ್ಲಿ ಬಿದ್ದಿದ್ದರು. ನಸುಕಿನಿಂದ ಏಳಲಾಗದೆ, ಕೂಗಿದ್ದು ಯಾರಿಗೂ ಕೇಳದೆ. ಸೊಂಟದ ಮೂಳೆ ಮುರಿದಿತ್ತು. ಏಳು ಗಂಟೆಯ ಫೋನು ಇಲ್ಲದಿದ್ದರೆ ಹತ್ತು ಗಂಟೆಗೆ ಕೆಲಸದವಳು ಬರುವತನಕ ಅವರು ಅಲ್ಲಿಯೇ ಇರುತ್ತಿದ್ದರು. ಈಗ ಕೋಲೂರಿಕೊಂಡು ಗುಡಿಯತನಕ ಬರುತ್ತಾರೆ. ನಕ್ಕ ಹುಡುಗರೇ ಈಗ ‘ಫೋನು ಬಂತೇನಜ್ಜಾ?’ ಎಂದು ವಿಚಾರಿಸುತ್ತಾರೆ.

ಮೂರನೆಯ ಪಾಠ ಕಾಗದಪತ್ರಗಳದು. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. 1961ರ ಜುಲೈ 12ರಂದು ಪಾನಶೇತದ ಅಣೆಕಟ್ಟು ಒಡೆದು ಪುಣೆಯೊಳಗೆ ನೀರು ನುಗ್ಗಿದ ಕತೆಯನ್ನು, ಆಗ ಹುಡುಗರಾಗಿದ್ದ ನಮ್ಮ ಹಿರಿಯ ಮಿತ್ರರೊಬ್ಬರು ಹೇಳುತ್ತಾರೆ. ಅವರ ತಾಯಿ ಒಡವೆಯ ಜೊತೆಗೆ ರೇಶನ್ ಕಾರ್ಡು, ಬ್ಯಾಂಕಿನ ಪುಸ್ತಕಗಳ ಗಂಟನ್ನು ನಡುವಿಗೆ ಕಟ್ಟಿಕೊಂಡು ಮನೆ ಬಿಟ್ಟರಂತೆ. ಎಲ್ಲವೂ ಒಂದೇ ಗಂಟಿನಲ್ಲಿ ಇದ್ದುದರಿಂದ ಅದು ಸಾಧ್ಯವಾಯಿತು. ನಮ್ಮ ಕಾಲದ ಗಂಡಸರಿಗೆ ಈ ಬುದ್ಧಿ ಕಡಿಮೆ. ಎರಡು ವರ್ಷದ ಕೆಳಗೆ ನಮ್ಮ ಗುಂಪಿನ ಒಬ್ಬರು ತೀರಿಕೊಂಡರು. ವೈನಿಯವರನ್ನು ಮಾತಾಡಿಸಲು ಹೋದಾಗ, ‘ಎಲ್ಲಾ ಅವರೇ ನೋಡ್ತಿದ್ರು. ಯಾವ ಬ್ಯಾಂಕಿನ್ಯಾಗ ಏನೈತಿ, ನನಗ ಒಂದೂ ಗೊತ್ತಿಲ್ಲರೀ’ ಎಂದರು. ಐವತ್ತು ವರ್ಷ ಸಂಸಾರ ನಡೆಸಿದ ಹೆಣ್ಣುಮಗಳು ಎಂಟು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದಳು. ದುಃಖ ಪಡಲಿಕ್ಕೂ ಆಕೆಗೆ ಬಿಡುವು ಸಿಗಲಿಲ್ಲ.

ಆದ್ದರಿಂದ ಒಂದು ದಪ್ಪ ಕಡತ ಮಾಡಿರಿ. ಅದು ಎಲ್ಲಿದೆಯೆಂದು ಮನೆಯಾಕೆಗೂ ಒಬ್ಬ ಮಗನಿಗೋ ಮಗಳಿಗೋ ತಿಳಿದಿರಲಿ. ಠೇವಣಿ, ವಿಮೆ, ಪಿಂಚಣಿ, ಮನೆಯ ಪತ್ರ, ಎಲ್ಲದರ ಪಟ್ಟಿ ಮೇಲಿನ ಹಾಳೆಯಲ್ಲಿರಲಿ. ಬ್ಯಾಂಕಿನಲ್ಲಿ ನಾಮಿನಿಯ ಹೆಸರು ಬರೆಯಿಸಿದರೆ ಮುಗಿಯಲಿಲ್ಲ. ನಾಮಿನಿ ಹಣವನ್ನು ಪಡೆಯಬಲ್ಲನೇ ಹೊರತು ಅಷ್ಟರಿಂದಲೇ ಅದರ ವಾರಸುದಾರನಾಗುವುದಿಲ್ಲ. ಅದಕ್ಕೆ ಮೃತ್ಯುಪತ್ರ ಬೇಕು. ಅದಕ್ಕೆ ಸ್ಟಾಂಪ್ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕೇಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿಗೆ ನಿಲ್ಲಿಸದಿರುವುದು ಲೇಸು. ಬದುಕಿರುವಾಗಲೇ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡುವವರು ಕೈ ತಡೆದು ಯೋಚಿಸಲಿ. ಕೊಡಲೇಬೇಕೆಂದಿದ್ದರೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಲಿ. ಆ ಷರತ್ತು ಮುರಿದರೆ ದಾನಪತ್ರವನ್ನು ರದ್ದುಗೊಳಿಸಲು 2007ರ ಹಿರಿಯ ನಾಗರಿಕರ ಕಾಯಿದೆ ದಾರಿ ಮಾಡಿಕೊಟ್ಟಿದೆ. ಇನ್ನು ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ತೋರಿಸಬೇಕಷ್ಟೆ. 2014ರಲ್ಲಿ ‘ಜೀವನ ಪ್ರಮಾಣ’ ಬಂದ ಮೇಲೆ ಸಾಲಿನಲ್ಲಿ ನಿಲ್ಲುವ ಕಷ್ಟ ತಗ್ಗಿದೆ. ಈಗ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ.

ನಮ್ಮಂಥ ವಲಸೆ ಬಂದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಊರಲ್ಲಿ ಎರಡೆಕರೆ ಹೊಲವೋ ಹಳೆಯ ಮನೆಯ ಪಾಲೋ ಇರುತ್ತದೆ. ಅದರ ಪಹಣಿ, ನಮ್ಮ ಕಡೆ ಉತಾರವೆನ್ನುತ್ತಾರೆ, ಕನ್ನಡದಲ್ಲಿದೆ. ಇಲ್ಲಿ ಬೆಳೆದ ಮಕ್ಕಳು ಕನ್ನಡ ಮಾತಾಡಬಲ್ಲರು, ಓದಲಾರರು. ಮೊಮ್ಮಕ್ಕಳಿಗೆ ಮಾತೂ ಅಷ್ಟಕ್ಕಷ್ಟೆ. ಅಜ್ಜನ ಹೆಸರು ಬರೆದ ಕಾಗದವನ್ನು ಮೊಮ್ಮಗ ತಲೆಕೆಳಗು ಹಿಡಿದದ್ದನ್ನು ನಮ್ಮ ಧಾರವಾಡದ ಮಿತ್ರರು ಕಂಡರು. ಅವರು ಬೈಯಲಿಲ್ಲ, ಭಾಷಾಭಿಮಾನದ ಉಪನ್ಯಾಸವನ್ನೂ ಕೊಡಲಿಲ್ಲ. ಅದೇ ಉತಾರವನ್ನು ಮುಂದಿಟ್ಟುಕೊಂಡು, ‘ಇದು ನಿನ್ನ ಮುತ್ತಜ್ಜನ ಹೆಸರು, ಓದು ನೋಡೂಣು’ ಎಂದು ಅಕ್ಷರ ತೋರಿಸಿದರು. ಮೊದಲು ಹೆಸರು, ಆಮೇಲೆ ಊರು, ಆಮೇಲೆ ಬೆಳೆ. ಜೋಳ, ಕಡಲೆ, ಕುಸುಬೆ ಎಂದು ಹುಡುಗ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಈ ದೀಪಾವಳಿಗೆ ಹೊಲ ನೋಡಲು ಬರುತ್ತೇನೆಂದು ತಾನಾಗಿಯೇ ಹೇಳಿದ್ದಾನೆ. ಹುಡುಗರಿಗೆ ಅಕ್ಷರ ಕಲಿಸಬೇಕಾದರೆ ಅವರದೇ ಎನ್ನುವಂಥದೊಂದನ್ನು ಅದರಲ್ಲಿ ತೋರಿಸಬೇಕೆಂದು ನಾವು ಅವರಿಂದ ಕಲಿತೆವು.

ನಾಲ್ಕನೆಯ ಪಾಠ ನಾಲಗೆಯದು. ಕೇಳಿದರೆ ಹೇಳಬೇಕು, ಕೇಳದಿದ್ದರೆ ಕಾಯಬೇಕು. ಮರಾಠಿ ಮನೆಯಿಂದ ಬಂದ ಸೊಸೆ ಸಾರಿಗೆ ಬೆಲ್ಲ ಹಾಕಿದರೆ ಅದು ಅವಳ ತವರಿನ ರುಚಿ. ಮೊಮ್ಮಗಳು ‘ಅಜ್ಜ’ ಎನ್ನದೆ ‘ಆಜೋಬಾ’ ಎಂದರೂ ಓಗೊಡಬೇಕು. ಓಗೊಟ್ಟರೆ ತಾನೆ ಹತ್ತಿರ ಬರುತ್ತಾಳೆ? ಹತ್ತಿರ ಬಂದರೆ ತಾನೆ ನಮ್ಮ ಕತೆ ಕೇಳುತ್ತಾಳೆ? ತಾಳಿದವನು ಬಾಳಿಯಾನು ಎಂಬುದು ಅತ್ತೆಮಾವಂದಿರಿಗೂ ಸಲ್ಲುವ ಮಾತು.

ಕೊನೆಗಾಲಕ್ಕೆ ಊರಿಗೆ ಮರಳಬೇಕೆ ಎಂಬ ಪ್ರಶ್ನೆ ನಮ್ಮ ಕಟ್ಟೆಯಲ್ಲಿ ತಿಂಗಳಿಗೊಮ್ಮೆಯಾದರೂ ಏಳುತ್ತದೆ. ಒಬ್ಬರು ಮರಳಿ ಹೋದರು. ಜೊತೆಗಾರರು ಯಾರೂ ಉಳಿದಿಲ್ಲವೆಂದು ಆರು ತಿಂಗಳಿಗೆ ಹಿಂದಿರುಗಿದರು. ಇನ್ನೊಬ್ಬರು ಹೋಗಿ ಅಲ್ಲಿಯೇ ಸುಖವಾಗಿದ್ದಾರೆ. ಗದಗಿನ ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗಲೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟವರು. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನ ಉತ್ಸವವನ್ನು 1953ರಲ್ಲಿ ಇದೇ ಪುಣೆಯಲ್ಲಿ ಆರಂಭಿಸಿ, 2011ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು. ಅವರನ್ನು ಗದಗಿನವರೂ ನಮ್ಮವರೆನ್ನುತ್ತಾರೆ, ಪುಣೆಯವರೂ ನಮ್ಮವರೆನ್ನುತ್ತಾರೆ. ಎಲ್ಲರಿಗೂ ಒಪ್ಪುವ ಉತ್ತರ ಈ ಪ್ರಶ್ನೆಗಿಲ್ಲ. ಬಿದ್ದರೆ ಎತ್ತುವವರು, ಅತ್ತರೆ ಕೇಳುವವರು ಎಲ್ಲಿದ್ದಾರೋ ಅಲ್ಲಿರುವುದು ಮೇಲೆಂದು ನಾವು ಬಗೆದಿದ್ದೇವೆ.

ಇದನ್ನು ಓದಿದ ಹಿರಿಯರು ಈ ವಾರದಲ್ಲಿ ಮೂರು ಕೆಲಸ ಮಾಡಲಿ: ಬಚ್ಚಲಿಗೆ ಸರಳು ಹಾಕಿಸಲಿ, ಕಾಗದಗಳನ್ನು ಒಂದು ಕಡತಕ್ಕೆ ಸೇರಿಸಲಿ, ಒಬ್ಬ ಗೆಳೆಯನಿಗೆ ಬೆಳಗಿನ ಫೋನು ಗೊತ್ತುಮಾಡಲಿ. ಕಿರಿಯರು ಆ ಸರಳನ್ನು ತಂದುಕೊಡಲಿ. ನಮ್ಮಷ್ಟೇ, ನಮಗಿಂತ ಹೆಚ್ಚು ಕಲಿತ ಹಿರಿಯರು ಸಂಘದಲ್ಲಿ ಅನೇಕರಿದ್ದಾರೆ. ಅವರೂ ತಮ್ಮ ಪಾಠಗಳನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಿದರೆ ನಮಗೆ ಉಪಕಾರವಾದೀತು.