ಪೆದ್ದೋಡು, ಚಿನ್ನೋಡು ಮತ್ತು ನಮ್ಮ ಹಿತ್ತಲ ಗಣಿ

"ಅಪ್ಪಾ, ಅಜ್ಜಿ ಮೋಸ ಮಾಡ್ತಾರೆ. ತಮ್ಮನ್ನ ಚಿನ್ನ ಅಂತಾರೆ, ನನ್ನ ಮಾತ್ರ ಪೆದ್ದ ಅಂತಾರೆ!"

ಹೋದ ತಿಂಗಳು ಆಫೀಸ್ ಕಾಲ್ ಮಧ್ಯದಲ್ಲಿ ದೊಡ್ಡವನು ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ಕೊಟ್ಟ ದೂರು ಇದು. ಮೈಕ್ ಮ್ಯೂಟ್ ಮಾಡಿ ವಿಚಾರಣೆ ಶುರು ಮಾಡಿದೆ. ವಿಷಯ ಏನಪ್ಪಾ ಅಂದ್ರೆ, ನಮ್ಮಮ್ಮನ ತವರು ವಿ.ಕೋಟೆ ಕಡೆ, ಮನೆಮಾತು ತೆಲುಗು. ಅವರಿಗೆ ದೊಡ್ಡ ಮೊಮ್ಮಗ ಪೆದ್ದೋಡು, ಚಿಕ್ಕ ಮೊಮ್ಮಗ ಚಿನ್ನೋಡು. ತೆಲುಗಲ್ಲಿ ಪೆದ್ದ ಅಂದ್ರೆ ದೊಡ್ಡದು, ಚಿನ್ನ ಅಂದ್ರೆ ಚಿಕ್ಕದು, ಅಷ್ಟೇ. ಆರು ವರ್ಷ ತನ್ನ ಹೆಸರನ್ನ ಗೌರವದಿಂದ ಹೊತ್ತುಕೊಂಡಿದ್ದ ನಮ್ಮ ಹುಡುಗನಿಗೆ ಒಂದನೇ ಕ್ಲಾಸಿನಲ್ಲಿ ಯಾರೋ ಗೆಳೆಯ ಪೆದ್ದ ಅನ್ನೋದರ ಕನ್ನಡ ಅರ್ಥ ಹೇಳಿಕೊಟ್ಟಿದ್ದಾನೆ. ಅಲ್ಲಿಗೆ ಮನೆಯಲ್ಲಿ ಮಹಾಭಾರತ.

ಅಜ್ಜಿ ಸಮಾಧಾನ ಮಾಡೋಕೆ ಹೋಗಿ, "ನೀನು ಪೆದ್ದೋಡು ಅಂದ್ರೆ ಮನೆಗೇ ದೊಡ್ಡೋನು ಕಂದಾ" ಅಂದ್ರು. ಅವನು ಒಪ್ಪಲಿಲ್ಲ. "ಹಾಗಾದ್ರೆ ತಾತ ನಿಮಗಿಂತ ಪೆದ್ದ ಅಲ್ವಾ?" ಅಂದ. ಅಮ್ಮ ಒಂದು ಕ್ಷಣ ಯೋಚನೆ ಮಾಡಿ, "ಹೌದು, ಅದು ಎರಡು ಭಾಷೇಲೂ ನಿಜ" ಅಂದುಬಿಟ್ರು. ತಾತ ಪೇಪರ್ ಮಡಚಿ ಟೀ ಕುಡಿಯೋಕೆ ಹೊರಗೆ ಹೋದ್ರು :-)

ಮಾರಿಕುಪ್ಪಂನಲ್ಲಿ ಮಕ್ಕಳು ಬೆಳೆಸೋದು ಅಂದ್ರೆ ಇದೇ ಕಥೆ. ಬೀದಿಯೆಲ್ಲ ತಮಿಳು, ಅಜ್ಜಿ ತೆಲುಗು, ಬೇತಮಂಗಲ ಕಡೆಯ ತಾತನದು ಕನ್ನಡ, ಸ್ಕೂಲಲ್ಲಿ ಇಂಗ್ಲಿಷು. ಗಣಿಯಲ್ಲಿ ಕೆಲಸ ಮಾಡೋಕೆ ಅಂತ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರ ಮಕ್ಕಳು ಮೊಮ್ಮಕ್ಕಳೇ ಇಲ್ಲಿ ಹೆಚ್ಚು. ನಾನೂ ಹೀಗೇ ಬೆಳೆದವನು. ಜಗಳ ತಮಿಳಲ್ಲಿ, ಹೋಂವರ್ಕ್ ಕನ್ನಡದಲ್ಲಿ. ಆದರೆ ನಾನು ಬೆಳೆಯುವಾಗ ಇದೆಲ್ಲ ಗಮನಕ್ಕೇ ಬಂದಿರಲಿಲ್ಲ. ಈ ಇಬ್ಬರು ಮಾತ್ರ ಪ್ರತಿ ಪದಕ್ಕೂ ಲೆಕ್ಕ ಕೇಳ್ತಾರೆ.

ಕೆಲವು ದಿನದ ನಂತರ ದೊಡ್ಡವನು ಒಂದು ಸಂಶೋಧನೆ ಮಾಡಿದ. ಎದುರು ಮನೆ ಪಾಟಿ ಪಾಲು ಅಂತಾರೆ, ನಾವು ಹಾಲು ಅಂತೀವಿ. ಅವರು ಪೂ, ನಾವು ಹೂವು. ಅವರು ಪಲ್ಲು, ನಾವು ಹಲ್ಲು. ಅವರು ಪತ್ತು, ನಾವು ಹತ್ತು. ಪುಲಿ, ಹುಲಿ. "ಅಪ್ಪಾ, ಪ ತೆಗೆದು ಹ ಹಾಕಿದ್ರೆ ಆಯ್ತು, ಕನ್ನಡ!" ಅಂದ. ನನಗೆ ರೋಮಾಂಚನ ಆಗೋದೊಂದು ಬಾಕಿ. ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವಷ್ಟರಲ್ಲಿ ಹಕಾರ ಆಗಿದ್ದನ್ನ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ, ನನ್ನ ಮಗ ಚಡ್ಡಿ ಹಾಕ್ಕೊಳ್ಳೋದನ್ನೇ ಮರೆತು ಅಂಗಳದಲ್ಲಿ ನಿಂತು ಅದನ್ನ ಕಂಡುಹಿಡಿದ!

ಆದರೆ ನಮ್ಮ ವೃತ್ತಿಯವರಿಗೆ ಗೊತ್ತು, ಇಡೀ ಫೈಲಿಗೆ ಒಂದೇ ಸಲ ಫೈಂಡ್ ಅಂಡ್ ರಿಪ್ಲೇಸ್ ಒತ್ತಿದ್ರೆ ಏನಾಗುತ್ತೆ ಅಂತ. ಮಾರನೇ ದಿನದಿಂದ ಮನೆಯಲ್ಲಿ ಹೆನ್ಸಿಲ್ ಕಳೆದುಹೋಗ್ತಿತ್ತು, ಬೆಳಗ್ಗೆ ತಿಂಡಿಗೆ ಹೂರಿ ಬೇಕಾಗ್ತಿತ್ತು, ಗಲಾಟೆ ಮಾಡಿದ್ರೆ ಹೊಲೀಸ್ ಬರ್ತಿದ್ರು. ನಾನು ಎರಡು ದಿನ "ಅಹ್ಹ" ಆಗಿದ್ದೆ. ಯಾರೋ ಬಿಸಿ ಕಾಫಿ ಕುಡಿದು ಉಸಿರು ಬಿಟ್ಟ ಹಾಗೆ, ಅಹ್ಹಾ, ಅಹ್ಹಾ ಅಂತ ಮನೆಯೆಲ್ಲ ಕರೀತಿದ್ದ. ತಮ್ಮ ಸುಮ್ಮನಿರ್ತಾನಾ? ಅವನು ಮೂರೂವರೆ ವರ್ಷದ ಘಾಟಿ. ಉಲ್ಟಾ ಶುರು ಮಾಡಿದ. ಪನುಮಂತ, ಪಲ್ವ, ಪಪ್ಪಳ. ಪಪ್ಪಳದವರೆಗೂ ಅಜ್ಜಿ ತಡೆದುಕೊಂಡ್ರು, ಪನುಮಂತನ ಹತ್ರ ಬಂದಾಗ ಸೌಟು ಎತ್ತಿದ್ರು.

ಈ ಸೌಟು ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಸೊಪ್ಪಿನ ಪ್ರಸಂಗ ಹೇಳಲೇಬೇಕು. ಮೂಲೆ ಅಂಗಡಿಗೆ ಹೋಗಿ ಸೊಪ್ಪು ತಾ ಅಂತ ನನ್ನಾಕೆ ದೊಡ್ಡವನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಕಳಿಸಿದಳು. ಐದು ನಿಮಿಷದಲ್ಲಿ ಒಂದು ಬಟ್ಟೆ ಸೋಪು ಹಿಡಿದು ಬಂದ. ಅಂಗಡಿ ಅಣ್ಣಾಚಿಗೆ ಸೋಪ್ಪು ಅಂದ್ರೆ ಸೋಪೇ. ವಾಪಸ್ ಕಳಿಸಿದ್ವಿ. ಈ ಸಲ ಇನ್ನೊಂದು ಬ್ರ್ಯಾಂಡಿನ ಸೋಪು ತಂದ! ಅವತ್ತು ಮಧ್ಯಾಹ್ನ ಬಸ್ಸಾರು ಮಾಡೋ ಕಾರ್ಯಕ್ರಮ ರದ್ದಾಗಿ ಬಟ್ಟೆ ಒಗೆಯೋ ಕಾರ್ಯಕ್ರಮ ನಡೆಯಿತು.

ನನ್ನ ಜೊತೆ ಕೆಲಸ ಮಾಡೋರಿಗೆಲ್ಲ ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಹೆಚ್ಚಿನವರಿಗೆ ಮದುವೆಯೇ ಆಗಿಲ್ಲ. ಸೋಮವಾರ ಅವರು ಕುಮಾರಪರ್ವತ ಹತ್ತಿದ ಫೋಟೋ ತೋರಿಸ್ತಾರೆ, ನಾನು ಸೋಫಾ ಹತ್ತಿ ಬೀರು ಮೇಲಿಂದ ಇಳಿಸಿದ ಚಿಕ್ಕವನ ಕಥೆ ಹೇಳ್ತೀನಿ. ಊರು ಯಾವುದು ಅಂತ ಕೇಳಿದಾಗ ಕೆಜಿಎಫ್ ಅಂದ್ರೆ ಸಾಕು, 2018ರಲ್ಲಿ ಆ ಸಿನಿಮಾ ಬಂದಾಗಿನಿಂದ ಎಲ್ಲರೂ ಹಿನ್ನೆಲೆ ಸಂಗೀತ ಶುರು ಮಾಡ್ತಾರೆ. ನನ್ನ ಮಕ್ಕಳಿಗೆ ಅದು ಸಿನಿಮಾ ಅಂತಲೇ ಅನ್ನಿಸಲ್ಲ, ತಾತನ ಆಫೀಸ್ ಕಥೆ ಅಂದುಕೊಂಡಿದ್ದಾರೆ. "ತಾತ, ನೀವೂ ಅಷ್ಟೊಂದು ಜನಕ್ಕೆ ಹೊಡೆದ್ರಾ?" ಅಂತ ಚಿಕ್ಕವನು ಕೇಳಿದ್ದಕ್ಕೆ ಅಪ್ಪ, "ಇಲ್ಲ ಮಗಾ, ನಾನು ಬರೀ ಕಲ್ಲಿಗೆ ಹೊಡೀತಿದ್ದೆ" ಅಂದ್ರು.

ವಾರದಲ್ಲಿ ಮೂರು ದಿನ ನಾನು ಬೆಂಗಳೂರಿಗೆ ಹೋಗಬೇಕು. ಹಳಿ ನಮ್ಮೂರಲ್ಲೇ ಮುಗಿಯೋದರಿಂದ ಬೆಳಗಿನ ರೈಲಿನಲ್ಲಿ ಸೀಟು ಸಿಗೋದೊಂದು ಸುಖ. ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ... ಬಂಗಾರಪೇಟೆ ದಾಟಿದ ಮೇಲೆ ಕಾಲಿಡೋಕೂ ಜಾಗ ಇರಲ್ಲ. ಚಿಕ್ಕವನಿಗೆ ಅ ಆ ಇ ಈ ಪೂರ್ತಿ ಬರಲ್ಲ, ಈ ಆರು ಸ್ಟೇಷನ್ ಬಾಯಿಪಾಠ. ಊಟದ ತುತ್ತಿಗೊಂದು ಸ್ಟೇಷನ್ ಹೇಳಿ ತಿನ್ನಿಸಬೇಕು. ಬಂಗಾರಪೇಟೆ ಬಂದ ಮೇಲೆ ಬಾಯಿ ಮುಚ್ಚಿಬಿಡ್ತಾನೆ, "ಜಂಕ್ಷನ್. ಗಾಡಿ ಲೇಟ್."

ಒಂದು ಭಾನುವಾರ ಅದೇ ಬಂಗಾರಪೇಟೆಗೆ ಪಾನಿಪುರಿ ತಿನ್ನಿಸೋಕೆ ಕರ್ಕೊಂಡು ಹೋಗಿದ್ದೆ. ಬಂಗಾರಪೇಟೆ ಪಾನಿಪುರಿ ತಿಂದವರಿಗೆ ಗೊತ್ತು, ಅಲ್ಲಿನ ಪಾನಿ ಹಸಿರಾಗಿರಲ್ಲ, ಕುಡಿಯೋ ನೀರಿನ ಹಾಗೇ ತಿಳಿಯಾಗಿರುತ್ತೆ. ಖಾರ ಮಾತ್ರ ಕಣ್ಣಿಗೆ ಕಾಣಲ್ಲ. ಅಣ್ಣ "ಖಾರ ಖಾರ" ಅಂತ ಕುಣಿದಿದ್ದನ್ನ ನೋಡಿ ಚಿಕ್ಕವನು, ಪಾಪ, ಅಣ್ಣನಿಗೆ ಸಹಾಯ ಮಾಡೋಣ ಅಂತ ಪಕ್ಕದಲ್ಲಿದ್ದ ಲೋಟದ "ನೀರು" ಕೊಟ್ಟ. ಅಣ್ಣ ಗಟಗಟ ಅಂತ ಕುಡಿದ. ಆಮೇಲೆ ಏನಾಯ್ತು ಅಂತ ಬರೆಯೋಲ್ಲ, ಅವತ್ತು ಆ ಬೀದಿಯಲ್ಲಿದ್ದವರಿಗೆಲ್ಲ ಗೊತ್ತು.

ರೈಲಿನ ವಿಷಯಕ್ಕೆ ಬರ್ತೀನಿ. ಇದೇ ಹಳಿಯ ಮೇಲೆ ನಮ್ಮಪ್ಪ ಹದಿನೇಳು ವರ್ಷ ಓಡಾಡಿದ್ದಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನನಗಿನ್ನೂ ಸರಿಯಾಗಿ ಮಾತು ಬರ್ತಿರಲಿಲ್ಲ. ನೂರಿಪ್ಪತ್ತು ವರ್ಷ ನಡೆದು, ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ. ನೆಲದಡಿ ಕೆಲಸ ಬಿಟ್ಟು ಬೇರೇನೂ ಗೊತ್ತಿಲ್ಲದವರು ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಗಾರ್ಡ್ ಆದ್ರು, ಗೋಡೌನ್ ಸೇರಿದ್ರು. ಅಪ್ಪ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರ್ತಿದ್ರು. ನನಗೆ ಚಿಕ್ಕಂದಿನಲ್ಲಿ ಅಪ್ಪ ಅಂದ್ರೆ ಭಾನುವಾರ ಕಾಣಿಸಿಕೊಳ್ಳೋ, ಹಗಲೆಲ್ಲ ನಿದ್ದೆ ಮಾಡೋ ಒಬ್ಬ ನೆಂಟ. ಈಗ ಮೊಮ್ಮಕ್ಕಳ ಜೊತೆ ದಿನವಿಡೀ ಕುಣಿಯೋ ಈ ಮನುಷ್ಯ ಅವರೇನಾ ಅಂತ ಎಷ್ಟೋ ಸಲ ನೋಡ್ತಾ ಕೂತಿದ್ದೀನಿ.

ಹಿತ್ತಲ ಗಣಿ ಶುರುವಾಗಿದ್ದು ಬೇಸಿಗೆ ರಜೆಯಲ್ಲಿ. ನುಗ್ಗೆ ಮರದ ಕೆಳಗೆ ಇಬ್ಬರೂ ಅಜ್ಜಿಯ ಸೌಟು (ಅದೇ!), ತೆಂಗಿನ ಚಿಪ್ಪು ಹಿಡಿದು ಅಗೆಯೋಕೆ ಕೂತ್ರು. ಬೇರೆ ಮನೆಯಾಗಿದ್ರೆ ದೊಡ್ಡವರು ಬೈದು ಎಬ್ಬಿಸ್ತಿದ್ರು. ನಮ್ಮಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, "ಹೆಲ್ಮೆಟ್ ಎಲ್ಲಿ?" ಅಂದ್ರು. ಅಡುಗೆಮನೆಯಿಂದ ಎರಡು ಪಾತ್ರೆ ಬಂದು ತಲೆ ಮೇಲೆ ಕೂತವು. "ಗೋಡೆ ಕುಸಿಯದ ಹಾಗೆ ಮರ ಕೊಟ್ಟಿದ್ದೀರಾ?" ಐಸ್‌ಕ್ರೀಂ ಕಡ್ಡಿಗಳು ಬಂದವು. "ಗಂಟೆ ಹೊಡೆಯದೆ ಕೇಜ್ ಇಳಿಸೋ ಹಾಗಿಲ್ಲ" ಅಂದಿದ್ದೇ ತಡ, ಚಿಕ್ಕವನು ದೇವರಮನೆ ಗಂಟೆ ಎತ್ತಿಕೊಂಡು ಬಂದ. ಕೇಜ್ ಅಂದ್ರೆ ಹಗ್ಗ ಕಟ್ಟಿದ ಮೊಸರಿನ ಡಬ್ಬ. ಸಂಜೆ ದೀಪ ಹಚ್ಚೋಕೆ ಬಂದ ಅಮ್ಮ ಗಂಟೆ ಹುಡುಕಿ ಹುಡುಕಿ, ಕೊನೆಗೆ ಹಿತ್ತಲಿಂದ ಶಬ್ದ ಕೇಳಿ ಓಡಿ ಬಂದಾಗ ಮೂರೂ ಜನ ಗಣಿ ಕಾರ್ಮಿಕರು ಪರಾರಿ.

"ನಿಮ್ಮ ಗಣಿ ಎಷ್ಟು ಆಳ ಇತ್ತು ತಾತ?"

"ಚಾಂಪಿಯನ್ ರೀಫ್ ಮೂರು ಕಿಲೋಮೀಟರ್ ಮೇಲೆ."

"ಅಷ್ಟು ಕೆಳಗೆ ಯಾವ ಸ್ಟೇಷನ್ ಬರುತ್ತೆ?" ಇದು ಚಿಕ್ಕವನು.

"ಸ್ಟೇಷನ್ ಬರಲ್ಲ ಮಗಾ, ಸೆಖೆ ಬರುತ್ತೆ. ಕಲ್ಲು ಮುಟ್ಟಿದ್ರೆ ಕೈ ಸುಡೋದು. ಮೇಲಿಂದ ತಣ್ಣಗಿನ ಗಾಳಿ ಬಿಡ್ತಿದ್ರು, ಆದ್ರೂ ಬನಿಯನ್ ಹಿಂಡಿದ್ರೆ ಚೊಂಬು ನೀರು."

ಇಬ್ಬರೂ ತಕ್ಷಣ ಬನಿಯನ್ ಬಿಚ್ಚಿ ಹಿಂಡಿ ನೋಡಿದ್ರು. ಏನೂ ಬರಲಿಲ್ಲ. ಚಿಕ್ಕವನು ಹೋಗಿ ನಲ್ಲಿಯಲ್ಲಿ ನೆನೆಸಿಕೊಂಡು ಬಂದು ಮತ್ತೆ ಹಿಂಡಿದ, ಆಗ ಬಂತು.

ಎರಡನೇ ದಿನ ಗಣಿಯಲ್ಲಿ ಒಂದು ರೂಪಾಯಿ ನಾಣ್ಯ ಸಿಕ್ಕಿತು. ಮೂರನೇ ದಿನ ಇನ್ನೊಂದು. ರಾತ್ರಿ ಮಕ್ಕಳು ಮಲಗಿದ ಮೇಲೆ ಅಪ್ಪ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗೋದನ್ನ ನಾನು ನೋಡಿದ್ದೆ, ಆದರೆ ಕೇಳಲಿಲ್ಲ. ಬರಡು ಗಣಿಗೆ ಚಿನ್ನದ ಪುಡಿ ಎರಚಿ ಮಾರೋದು ಗಣಿಲೋಕದ ತುಂಬಾ ಹಳೇ ವಂಚನೆ. ನಮ್ಮಪ್ಪ ಮಾರೋಕಲ್ಲ, ಆಟ ನಿಲ್ಲದಿರಲಿ ಅಂತ ಎರಚುತ್ತಿದ್ರು.

ಒಂದು ವಾರಕ್ಕೆ ಸೌಟಿನ ಹಿಡಿ ಮುರಿಯಿತು. ಅಮ್ಮ ಹೊಸ ಸೌಟಿಗೆ 120 ರೂಪಾಯಿ ಅಂತ ಘೋಷಿಸಿದ್ರು. ದೊಡ್ಡವನು ಸ್ಲೇಟು ತಗೊಂಡು ಲೆಕ್ಕ ಹಾಕಿದ. ಬಂದಿದ್ದು 6 ರೂಪಾಯಿ, ಹೋಗಿದ್ದು 120. ಅಷ್ಟು ದೊಡ್ಡ ವ್ಯವಕಲನ ಅವನಿಗೆ ಬರಲ್ಲ, ಆದ್ರೂ ತೀರ್ಮಾನ ಸರಿಯಾಗೇ ಮಾಡಿದ. ನೋಟ್‌ಬುಕ್ಕಿನ ಹಾಳೆ ಹರಿದು "ಗಣಿ ಮುಚಿದೆ" ಅಂತ ಒತ್ತಕ್ಷರ ಇಲ್ಲದೆ ಬರೆದು ನುಗ್ಗೆ ಮರಕ್ಕೆ ಅಂಟಿಸಿದ.

ಟೀ ಮುಗಿಸಿ ಬಂದ ಅಪ್ಪ ಆ ಬೋರ್ಡ್ ಮುಂದೆ ನಿಂತ್ರು. ಎರಡು ಪದ ಓದೋಕೆ ಬೇಕಾಗಿದ್ದಕ್ಕಿಂತ ಜಾಸ್ತಿ ಹೊತ್ತೇ ನಿಂತ್ರು. ನಾನು ಕಿಟಕಿಯಲ್ಲಿ ಲ್ಯಾಪ್‌ಟಾಪ್ ಹಿಂದೆ ಇದ್ದೆ. ಏನೋ ಹೇಳಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಅವರು ದೊಡ್ಡವನನ್ನ ಕರೆದ್ರು.

"ಯಾಕೆ ಮುಚ್ಚಿದ್ದು?"

"ನಷ್ಟ ತಾತ."

"ನಷ್ಟ ಆದ್ರೆ ಮುಚ್ಚಿಬಿಡೋದಾ? ಅಂಗೆಲ್ಲ ಮುಚ್ಚಂಗಿಲ್ಲ. ಯೂನಿಯನ್ ಐತೆ ಇಲ್ಲಿ."

ಹೇಳಿದವರೇ ಟವೆಲ್ ಕೊಡವಿ ಹಾಸಿ ಮರದ ಕೆಳಗೆ ಧರಣಿ ಕೂತ್ರು. ಚಿಕ್ಕವನು ಹೆಲ್ಮೆಟ್ ಸಮೇತ ಓಡಿ ಬಂದು ಪಕ್ಕದಲ್ಲಿ ಕೂತ. ಅಪ್ಪ ಕೈ ಎತ್ತಿ, "ವೇಣುಂ ವೇಣುಂ!" ಅಂದ್ರು. ಚಿಕ್ಕವನು, "ವೇಣುಂ ವೇಣುಂ!" ಅಪ್ಪ, "ವೇಲೆ ವೇಣುಂ!" ಕೆಲಸ ಬೇಕು. ಚಿಕ್ಕವನು ಅರೆಕ್ಷಣವೂ ಯೋಚಿಸದೆ, "ಬಿಸ್ಕೆಟ್ ವೇಣುಂ!"

ಆಡಳಿತ ಮಂಡಳಿ ಒಳಗೆ ಹೋಗಿ ಅಜ್ಜಿಯ ಜೊತೆ ಮಾತುಕತೆ ನಡೆಸಿತು. ತಲಾ ಎರಡು ಬಿಸ್ಕೆಟ್, ಮುರಿದ ಸೌಟನ್ನೇ ಬಳಸಬೇಕು, ಗಂಟೆ ಮುಟ್ಟೋ ಹಾಗಿಲ್ಲ ಅನ್ನೋ ಷರತ್ತಿನ ಮೇಲೆ ಗಣಿ ಅವತ್ತೇ ಸಂಜೆ ಮತ್ತೆ ತೆರೆಯಿತು. ಅಪ್ಪ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡ್ರು. ಅಮ್ಮ ನೀರು ತಂದು ಕೊಟ್ಟು ಬೆನ್ನು ಸವರಿದ್ರು. ಆ ಕೆಮ್ಮು ಒಮ್ಮೆ ಶುರುವಾದ್ರೆ ಬೇಗ ನಿಲ್ಲಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವರು ಯಾರಿಗೂ ಹೇಳದ ಹಾಗೆ, "ಎರಡು ಬಿಸ್ಕೆಟ್‌ಗೆ ಮುಗೀತು ನೋಡು ಇವರದ್ದು" ಅಂದ್ರು. ಆಮೇಲೆ ಉಪ್ಪಿನಕಾಯಿ ಕೇಳಿದ್ರು.

ಇಲ್ಲಿ ಇನ್ನೊಂದು ವಿಷಯ ಇದೆ. ವೈಟ್‌ಫೀಲ್ಡ್ ಹತ್ತಿರ ಒಂದು ಫ್ಲ್ಯಾಟ್ ನೋಡಿದ್ದೀವಿ ನಾನೂ ನನ್ನಾಕೆಯೂ. ಮೂರನೇ ಮಹಡಿ. ಆಫೀಸಿಗೆ ಹತ್ತಿರ, ರೈಲಿನ ಕಾಟ ಇಲ್ಲ, ಸ್ಕೂಲೂ ಪಕ್ಕದಲ್ಲೇ. ಸೈನೈಡ್ ದಿಬ್ಬದ ಬಿಳಿ ಧೂಳು ಗಾಳಿಗಾಲದಲ್ಲಿ ಮನೆಯೊಳಗೆ ಬಂದು ಕೂರೋ ತಾಪತ್ರಯವೂ ಇರಲ್ಲ. ಆ ದಿಬ್ಬಗಳಲ್ಲಿ ಉಳಿದಿರೋ ಚಿನ್ನ ತೆಗೆಯೋ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗ ನಮ್ಮ ಬೀದಿಯಲ್ಲಿ ಒಂದು ವಾರ ಅದೇ ಮಾತು. ಅಪ್ಪ ಮಾತ್ರ ಆ ಪೇಪರನ್ನ ಓದಿ, ಮಡಚಿ, ಶೂ ಒಳಗೆ ತುರುಕಿದ್ರು. ಮಳೆಗೆ ನೆಂದಿತ್ತು ಶೂ. ಫ್ಲ್ಯಾಟ್ ವಿಷಯ ಹೇಳಿದಾಗಲೂ ಅಷ್ಟೇ, "ನೋಡಿ, ನಿಮಗೆ ಅನುಕೂಲ ಆದ್ರೆ ಆಯ್ತು" ಅಂದ್ರು. ನೀವೂ ಬರ್ತೀರಲ್ಲ ಅಂದ್ರೆ ಉತ್ತರ ಇಲ್ಲ.

ಮಕ್ಕಳನ್ನೂ ಒಂದು ಭಾನುವಾರ ಕರ್ಕೊಂಡು ಹೋಗಿ ತೋರಿಸಿದ್ವಿ. ಚಿಕ್ಕವನಿಗೆ ಲಿಫ್ಟ್ ತುಂಬಾ ಇಷ್ಟ ಆಯ್ತು. ಕೇಜ್ ಅಂದುಕೊಂಡು ಪ್ರತಿ ಸಲ ಇಳಿಯೋ ಮೊದಲು ಬಾಯಲ್ಲೇ ಗಂಟೆ ಹೊಡೆದ, ಟಿಣ್ ಟಿಣ್. ಜೊತೆಗಿದ್ದ ಬಿಲ್ಡರ್ ಕಡೆಯ ಹುಡುಗನಿಗೆ ಪಾಪ ಏನೂ ಅರ್ಥ ಆಗಲಿಲ್ಲ. ದೊಡ್ಡವನು ಎಲ್ಲಾ ರೂಮು ನೋಡಿ, ಬಾಲ್ಕನಿಯ ಟೈಲ್ಸ್ ಮೇಲೆ ಕುಕ್ಕರಗಾಲಲ್ಲಿ ಕೂತು ಬೆರಳಿಂದ ಕುಟ್ಟಿ ನೋಡಿದ.

"ಅಪ್ಪಾ, ಇಲ್ಲಿ ಅಗೆದ್ರೆ ಏನು ಸಿಗುತ್ತೆ?"

"ಎರಡನೇ ಮಹಡಿಯವರು ಸಿಗ್ತಾರೆ ಕಣೋ" ಅಂದೆ.

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅವರ ಹತ್ರ ಸೌಟು ಇರುತ್ತಾ?" ಅಂದ.

ಟೋಕನ್ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಬಿಲ್ಡರ್ ಕಡೆಯವನು ದಿನಾ ಫೋನ್ ಮಾಡ್ತಿದ್ದಾನೆ. ಹಿತ್ತಲ ಗಣಿ ಈಗ ಒಂದೂವರೆ ಅಡಿ, ಮೊನ್ನೆ ಮಳೆಗೆ ಅರ್ಧ ತುಂಬಿದ್ದನ್ನ ಮೂರೂ ಜನ ಸೇರಿ ಮೊಸರಿನ ಡಬ್ಬದಲ್ಲಿ ನೀರು ಎತ್ತಿ ಹೊರಗೆ ಹಾಕಿದ್ದಾರೆ.