ವಾಗ್ದಾನದ ಚೀಟಿ

ಹೊನ್ನಾಳಿಯ ಪೇಟೆಯಲ್ಲಿ ನಿಂತು ‘ನಿನ್ನೆ ರಾತ್ರಿ ಚೀಟಿ ಎತ್ತಿದೆ’ ಅಂದರೆ, ಕೇಳಿದವರು ಮೊದಲು ‘ಎಷ್ಟಕ್ಕೆ ಕೂಗಿದ್ರಿ?’ ಅನ್ನುತ್ತಾರೆ. ಆದರೆ ಮೇಷ್ಟ್ರು ಎತ್ತುವ ಚೀಟಿಗೆ ಹರಾಜಿಲ್ಲ, ಕಂತಿಲ್ಲ, ಜಾಮೀನಿಲ್ಲ. ವರ್ಷಕ್ಕೊಂದೇ ಸಲ, ಡಿಸೆಂಬರ್ 31ರ ನಡುರಾತ್ರಿ, ಸ್ಟೀಲ್ ತಟ್ಟೆಯೊಂದು ಸಾಲಿನ ಈ ತುದಿಯಿಂದ ಆ ತುದಿಗೆ ಬರುತ್ತದೆ. ಕಾಣಿಕೆಯ ತಟ್ಟೆಯೇ ಅದು, ಆ ರಾತ್ರಿ ಮಾತ್ರ ತೆಗೆದುಕೊಳ್ಳುವ ಬದಲು ಕೊಡುತ್ತದೆ. ಅದರಲ್ಲಿ ಸುರುಳಿ ಸುತ್ತಿದ ಕಾಗದಗಳು, ಒಂದೊಂದರಲ್ಲೂ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ವಚನ. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬರುವ ವರ್ಷಕ್ಕೆ ದೇವರು ಕೊಟ್ಟ ಮಾತು ಅದು. ಹೆಸರು ವಾಗ್ದಾನದ ಚೀಟಿ.

ಮೇಷ್ಟ್ರು ಎಂದರೆ ನಿವೃತ್ತ ಕನ್ನಡ ಮೇಷ್ಟ್ರು. ಅವರ ಬೀದಿಯಲ್ಲಿ ಅದೊಂದೇ ಕ್ರೈಸ್ತರ ಮನೆ. ಅವರ ಅಂಗಿ ಇದನ್ನು ಬರೆಯುತ್ತಿರುವವನ ಮೈಗೂ ಸರಿಯಾಗಿ ಹೊಂದುತ್ತದೆ ಎಂದು ಯಾರಾದರೂ ಅಂದರೆ ಜಗಳವೇನಿಲ್ಲ.

ಚೀಟಿ ಎತ್ತುವುದು ಮನೆಯ ಪಡಸಾಲೆಯಲ್ಲೇ ಮೂವತ್ತು ನಲವತ್ತು ಜನ ಸೇರುವ ಸಣ್ಣ ಸಭೆಯಲ್ಲಿ. ಸಭೆ ನಡೆಸುವ ಅಯ್ಯನವರು ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೇಷ್ಟ್ರ ಅಕ್ಷರ ದುಂಡಗಿದ್ದದ್ದರಿಂದ ಚೀಟಿ ಬರೆಯುವ ಕೆಲಸ ಇಪ್ಪತ್ತನೆಯ ವಯಸ್ಸಿನಲ್ಲೇ ಅವರ ಕೊರಳಿಗೆ ಬಿತ್ತು. ಹೀಗಾಗಿ ಉಳಿದವರಿಗಿಲ್ಲದ ಒಂದು ತೊಂದರೆ ಅವರಿಗೆ ಶುರುವಾಯಿತು: ತಟ್ಟೆಯಲ್ಲಿ ಏನೇನಿದೆ ಎಂಬುದು ಅವರಿಗೆ ಗೊತ್ತು. ಏನೇನಿಲ್ಲ ಎಂಬುದೂ ಗೊತ್ತು. ಯೋಬನ ಗೋಳಿನ ಒಂದು ಸಾಲೂ ಇಲ್ಲ, ಪ್ರವಾದಿಗಳ ಬೈಗುಳ ಒಂದೂ ಇಲ್ಲ. ಆಶೀರ್ವಾದ, ಆರೋಗ್ಯ, ಬೆಳೆ, ಸಂತಾನ. ‘ವರ್ಷದ ಮೊದಲ ದಿನ ಯಾರ ಮನಸ್ಸೂ ನೋಯಬಾರದಪ್ಪ’ ಎಂದು ಅಯ್ಯನವರೇ ಹೇಳಿದ್ದರು.

ಒಂದು ವರ್ಷ ಹುಡುಗುಬುದ್ಧಿಗೆ, ಔತಣದ ಮನೆಗಿಂತ ಸಾವಿನ ಮನೆಗೆ ಹೋಗುವುದೇ ಮೇಲು ಎಂಬ ಅರ್ಥದ ಪ್ರಸಂಗಿಯ ಮಾತೊಂದನ್ನು ಬರೆದು ಸುರುಳಿ ಸುತ್ತಿ ಒಳಗೆ ತೂರಿಸಿದರು. ಅದು ಹೋಗಿ ಹೋಗಿ ಶಾಮಿಯಾನ ಬಾಡಿಗೆಗೆ ಕೊಡುವವನ ಕೈಗೇ ಸಿಕ್ಕಿತು. ಅವನು ಎರಡು ಸಲ ಓದಿ, ನಕ್ಕು, ‘ಎರಡೂ ಮನೀಗೆ ಶಾಮಿಯಾನ ನಂದೇ ಅಲ್ಲೇನ್ರೀ’ ಎಂದು ಜೇಬಿಗೆ ಹಾಕಿಕೊಂಡ. ಆ ರಾತ್ರಿ ಇಡೀ ಸಭೆಯಲ್ಲಿ ವಚನವನ್ನು ಸರಿಯಾಗಿ ಅರ್ಥ ಮಾಡಿಕೊಂಡವನು ಅವನೊಬ್ಬನೇ ಎಂದು ಮೇಷ್ಟ್ರಿಗೆ ಈಗಲೂ ಅನ್ನಿಸುತ್ತದೆ.

ಮೇಷ್ಟ್ರ ಅವ್ವನಿಗೆ ಓದು ಬರುತ್ತಿರಲಿಲ್ಲ. ಅವಳದ್ದೊಂದು ಪದ್ಧತಿ. ತನ್ನ ಚೀಟಿಯನ್ನು ಮೊದಲು ಮಗನ ಕೈಲಿ ಓದಿಸುವಳು. ಬೆಳಗಾದರೆ ಪಕ್ಕದ ಮನೆಯ ಗೌಡ್ತಿಯ ಕೈಲಿ ಓದಿಸುವಳು. ಸಂಜೆಗೆ ಬೀದಿಯ ತುದಿಯ ಟೈಲರ್ ಸಾಬರ ಅಂಗಡಿಗೆ ಹೋಗಿ ಮೂರನೆಯ ಸಲ ಓದಿಸುವಳು. ‘ಒಬ್ಬ ಓದಿದ್ರೆ ತನಗೆ ಬೇಕಾದ್ದು ಓದ್ತಾನೆ’ ಅನ್ನುವುದು ಅವಳ ಅನುಮಾನ, ಆ ಒಬ್ಬ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಆಗಿದ್ದರೂ. ಮೊದಲ ಸಲ ‘ನಂಗೆ ವಚನ ಬಂದೈತಿ, ಓದ್ರವ್ವ’ ಎಂದು ಹೋದಾಗ ಗೌಡ್ತಿ ‘ಯಾರ್ದು? ಅಲ್ಲಮಂದೋ, ಅಕ್ಕಂದೋ?’ ಎಂದು ಕೇಳಿದ್ದಳಂತೆ.

1997ರ ಚೀಟಿ ಮನೆಯಲ್ಲಿ ಕಥೆಯಾಗಿ ಉಳಿದಿದೆ. ದೇವರು ಅಬ್ರಹಾಮನಿಗೆ ಸ್ವಂತ ದೇಶ ಬಿಟ್ಟು ತಾನು ತೋರಿಸುವ ದೇಶಕ್ಕೆ ಹೊರಡು ಎಂದು ಹೇಳಿದ ವಚನ ಅವ್ವನಿಗೆ ಬಂದಿತ್ತು. ಮೇಷ್ಟ್ರು ಓದಿದ ಕೂಡಲೇ ‘ನನ್ನ ವರ್ಗಾವಣೆ ಆಗ್ತೈತಿ’ ಎಂದು ಹಿಗ್ಗಿದರು. ಗೌಡ್ತಿ ಓದಿ, ‘ಹೆಣ್ಣುಮಗಳು ತವರು ಬಿಟ್ಟು ಹೋಗಾ ಸುದ್ದಿ ಇದು, ನಿನ್ನ ಸಣ್ಣ ಮಗಳ ಮದುವಿ’ ಅಂದಳು. ಟೈಲರ್ ಸಾಬರು ಕನ್ನಡಕ ಏರಿಸಿಕೊಂಡು ಓದಿ, ‘ಇದು ನಮ್ಮ ಇಬ್ರಾಹಿಂ ಪೈಗಂಬರ್ರ ಮಾತು ಕಣವ್ವ. ಈ ವರ್ಷ ನಂಗೆ ಹಜ್ ಬರ್ದಂಗೈತಿ’ ಎಂದರು. ಮೂರೂ ಕೇಳಿಕೊಂಡು ಬಂದ ಅವ್ವ ಮಡಿಲಿನಿಂದ ಚೀಟಿ ತೆಗೆದು ಸತ್ಯವೇದದೊಳಗೆ ಇಟ್ಟಳು. ‘ಮೂರು ಮಂದಿ ಮೂರು ಹೇಳಿದ್ರು ಅಂದ್ರೆ ದೇವ್ರು ಇನ್ನೂ ಹೇಳಿಲ್ಲ ಅಂತ ಅರ್ಥ. ಕಾಯಾಣ.’

ವರ್ಗಾವಣೆ ಆಗಲಿಲ್ಲ, ಮದುವೆ ಆಗಲಿಲ್ಲ, ಸಾಬರು ಹಜ್‌ಗೆ ಹೋಗಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಯಿತು. ಹೊನ್ನಾಳಿಯನ್ನೂ ಚನ್ನಗಿರಿಯನ್ನೂ ಶಿವಮೊಗ್ಗದಿಂದ ಬಿಡಿಸಿ ಅದಕ್ಕೆ ಸೇರಿಸಿದರು. ಕೂತ ಕುರ್ಚಿ ಬಿಟ್ಟೇಳದೆ ಮೇಷ್ಟ್ರು ಬೇರೆ ಜಿಲ್ಲೆಗೆ ಹೋಗಿದ್ದರು.

ನಿವೃತ್ತಿಯಾದ ಮೇಲೆ ಮೇಷ್ಟ್ರು ಈ ಚೀಟಿಯ ಬೇರು ಹುಡುಕಲು ಕೂತರು. ಅದು ಅವರನ್ನು ಜರ್ಮನಿಯ ಹೆರ್ನ್‌ಹುಟ್ ಎಂಬ ಹಳ್ಳಿಗೆ ಒಯ್ದಿತು. 1728ರ ಮೇ 3ರ ಸಂಜೆ ಅಲ್ಲಿನ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಸಭೆಗೆ ತ್ಸಿಂಜೆನ್‌ಡಾರ್ಫ್ ಎಂಬ ಜಮೀನ್ದಾರ ಮಾರನೆಯ ದಿನಕ್ಕೆಂದು ಒಂದು ಮಾತು ಕೊಟ್ಟ. ಬೆಳಗಾದರೆ ಮನೆಮನೆಗೆ ಆ ಮಾತು ಮುಟ್ಟಿಸುವ ರೂಢಿ ಬೆಳೆಯಿತು. 1731ರಿಂದ ಇಡೀ ವರ್ಷದ ಮಾತುಗಳು ಪುಸ್ತಕವಾಗಿ ಅಚ್ಚಾಗುತ್ತ ಬಂದಿವೆ. ಇವತ್ತಿಗೂ ಅಲ್ಲಿ ಬಟ್ಟಲೊಂದರಲ್ಲಿ ಹಳೆಯ ಒಡಂಬಡಿಕೆಯ ಸುಮಾರು 1,800 ವಚನಗಳಿವೆ, ವರ್ಷದ ಒಂದೊಂದು ದಿನಕ್ಕೆ ಒಂದರಂತೆ ಮೊದಲೇ ಎತ್ತಿಡುತ್ತಾರೆ. ಎಲ್ಲವೂ ಸಿಹಿಯಲ್ಲ, ಗದರಿಕೆಯವೂ ಇವೆ. ಮೇಷ್ಟ್ರನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಂಗತಿ. ಚೀಟಿಯಲ್ಲಿ ಬಂದ ವಚನದ ಪಕ್ಕಕ್ಕೆ ಹೊಸ ಒಡಂಬಡಿಕೆಯಿಂದ ಇನ್ನೊಂದು ವಚನ ಇಡುತ್ತಾರೆ. ಅದನ್ನು ಎತ್ತುವುದಿಲ್ಲ. ಮನುಷ್ಯರು ಕೂತು, ಓದಿ, ಯೋಚಿಸಿ, ಮೊದಲನೆಯದಕ್ಕೆ ಹೊಂದುವಂತೆ ಆರಿಸುತ್ತಾರೆ.

ಅರ್ಧ ಚೀಟಿ, ಅರ್ಧ ತಲೆ. ನಮ್ಮ ಊರಿಗೆ ಬರುವ ದಾರಿಯಲ್ಲಿ ಆ ಎರಡನೆಯ ಅರ್ಧ ಎಲ್ಲೋ ಬಿದ್ದುಹೋಯಿತು ಎಂದು ಮೇಷ್ಟ್ರಿಗೆ ಅನ್ನಿಸಿತು. ಅವ್ವನ ಮೂರು ಓದು ನೆನಪಾಯಿತು. ಹೆರ್ನ್‌ಹುಟ್‌ನ ಹೆಸರನ್ನೂ ಕೇಳದ ಹೆಂಗಸು ಬಿದ್ದದ್ದನ್ನು ತಾನೇ ಎತ್ತಿಟ್ಟುಕೊಂಡಿದ್ದಳು.

ಮೊರೇವಿಯನ್ನರಿಂದ ಚೀಟಿ ಎತ್ತುವ ಈ ಗೀಳು ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಗೂ ಅಂಟಿತು. ವರ್ಷದ ಕೊನೆಯ ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವ ವಾಚ್‌ನೈಟ್ ಆರಾಧನೆ ವೆಸ್ಲಿಯವರ ಜನರಲ್ಲಿ ಬೇರೂರಿ, ಹಳೆಯ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನವರ ಜೊತೆ ಈ ಕಡೆಗೂ ಬಂತು. 1739ರಲ್ಲಿ ವೆಸ್ಲಿ ಬ್ರಿಸ್ಟಲ್‌ಗೆ ಹೋಗಬೇಕೋ ಬೇಡವೋ ಎಂಬುದು ಲಂಡನ್ನಿನ ಗೆಳೆಯರಲ್ಲಿ ತೀರ್ಮಾನವಾಗಲಿಲ್ಲ, ಚೀಟಿ ಹಾಕಿದರು, ಹೋಗು ಎಂದು ಬಂತು. ಕೆಲವೇ ವಾರದಲ್ಲಿ ದೇವರ ಕೃಪೆಯ ಕುರಿತ ಒಂದು ಪ್ರಸಂಗವನ್ನು ಸಾರಬೇಕೇ, ಅಚ್ಚು ಹಾಕಿಸಬೇಕೇ ಎಂದು ಮತ್ತೆ ಚೀಟಿ. ಎರಡಕ್ಕೂ ಹೂಂ ಎಂದು ಬಂತು. ಆ ಪ್ರಸಂಗದಿಂದ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಜೊತೆ ಮನಸ್ಸು ಮುರಿಯಿತು. 1740ರ ಕೊನೆಯಲ್ಲಿ ಬರೆದ ಪತ್ರದಲ್ಲಿ ವೈಟ್‌ಫೀಲ್ಡ್ ಈ ಚೀಟಿಯ ಗುಟ್ಟನ್ನು ಬಯಲಿಗಿಟ್ಟ. ಬ್ರಿಸ್ಟಲ್‌ನಲ್ಲಿ ದೊಡ್ಡ ಚಳವಳಿಯೇ ಹುಟ್ಟಿತು, ಒಳ್ಳೆಯ ಸ್ನೇಹವೊಂದು ಹಾಳಾಯಿತು. ಯಾವ ಚೀಟಿ ದೇವರದ್ದು, ಯಾವುದು ಬರೀ ಕಾಗದ? ಮೇಷ್ಟ್ರ ಕೈಲಿ ಉತ್ತರವಿಲ್ಲ.

ಕ್ರೈಸ್ತ ಧರ್ಮದ ಹಿರಿಯರು ಇದನ್ನೆಲ್ಲ ಬಹಳ ಹಿಂದೆಯೇ ನೋಡಿದ್ದರು. ಮಿಲಾನಿನ ತೋಟದಲ್ಲಿ ಪುಸ್ತಕ ತೆರೆದು ಕಣ್ಣಿಗೆ ಬಿದ್ದ ಸಾಲಿನಿಂದ ಬದುಕನ್ನೇ ತಿರುಗಿಸಿಕೊಂಡ ಅಗಸ್ಟೀನನೇ ಮುಂದೆ, ಲೌಕಿಕ ವ್ಯವಹಾರಕ್ಕೆ ಸುವಾರ್ತೆಯ ಪುಟ ತೆರೆದು ಶಕುನ ನೋಡುವುದು ತನಗೆ ಹಿಡಿಸದು ಎಂದು ಬರೆದ. 506ರಲ್ಲಿ ಇಂದಿನ ಫ್ರಾನ್ಸಿನ ಆಗ್ದ್ ಎಂಬ ಊರಲ್ಲಿ ಸೇರಿದ ಧರ್ಮಸಭೆ ಈ ಕೆಲಸಕ್ಕೆ ಬಹಿಷ್ಕಾರವನ್ನೇ ವಿಧಿಸಿತು. ಬೈಬಲ್ಲಿನಲ್ಲಿ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿಯೇ, ನಿಜ. ಆದರೆ ಅದಕ್ಕೆ ಮೊದಲು ಅಪೊಸ್ತಲರು ಯಾರು ಯೋಗ್ಯರೆಂದು ತೂಗಿನೋಡಿ ಇಬ್ಬರನ್ನು ನಿಲ್ಲಿಸಿದ್ದರು. ಪವಿತ್ರಾತ್ಮ ಇಳಿದು ಬಂದದ್ದು ಅದರ ಮುಂದಿನ ಅಧ್ಯಾಯದಲ್ಲಿ. ಅಲ್ಲಿಂದಾಚೆಗೆ ಅವರು ಚೀಟಿ ಹಾಕಿದ ಸುದ್ದಿಯಿಲ್ಲ.

ಪಕ್ಕದ ಗೌಡರ ಮನೆಯಲ್ಲಿ ಈ ಚೀಟಿಗೆ ಸಮನಾದದ್ದು ಮೈಲಾರದ ಕಾರ್ಣಿಕ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ, ‘ಸದ್ದಲೇ’ ಎಂದು ಕೂಗಿ, ಒಂದೇ ಒಂದು ವಾಕ್ಯ ಹೇಳಿ ಕೆಳಕ್ಕೆ ಬೀಳುತ್ತಾನೆ. ಅದು ಮಳೆಯ ಮಾತೋ ರಾಜಕೀಯದ್ದೋ ಎಂದು ನಾಡೆಲ್ಲ ವರ್ಷವಿಡೀ ಬಿಡಿಸುತ್ತದೆ. ಮೇಷ್ಟ್ರ ಅಪ್ಪ ‘ಅದೆಲ್ಲ ಮೂಢನಂಬಿಕೆ’ ಎಂದು ಗೌಡರನ್ನು ಹಂಗಿಸಿ, ತಮ್ಮ ಚೀಟಿಯನ್ನು ಪರ್ಸಿನಲ್ಲಿ ಭದ್ರವಾಗಿ ಮಡಿಚಿ ಇಟ್ಟುಕೊಳ್ಳುತ್ತಿದ್ದರು. ಗೌಡರಿಗೆ ಒಂದು ಅನುಕೂಲವಿತ್ತು: ಕಾರ್ಣಿಕದ ಅರ್ಥವನ್ನು ಕಟ್ಟೆಯ ಮೇಲೆ ನಾಲ್ಕು ಜನ ಕೂತು ಜಗಳವಾಡಬಹುದು. ಚೀಟಿಯ ಅರ್ಥವನ್ನು ಒಬ್ಬೊಬ್ಬರೇ ಬಾಯಿ ಮುಚ್ಚಿಕೊಂಡು ಕಟ್ಟಿಕೊಳ್ಳಬೇಕು.

ಮೇಷ್ಟ್ರ ಬಾಮೈದನಿಗೆ ಆದದ್ದು ಹಾಗೆಯೇ. ಅವನದು ಜಗಳೂರು, ನೆಂಟರ ದಾರಿ ನೋಡಿದಂತೆ ಮಳೆಯ ದಾರಿ ನೋಡುವ ಸೀಮೆ. 2003, ಎರಡು ವರ್ಷದ ಬರದ ಮೇಲೆ ಮತ್ತೊಂದು ಬರ. ಮರುಭೂಮಿಯಲ್ಲಿ ನದಿ ಹರಿಸುವೆನೆಂಬ ಯೆಶಾಯನ ವಚನ ಅವನ ಕೈಗೆ ಬಂತು. ಪಕ್ಕದ ಹೊಲದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವನನ್ನು ಕರೆಯೋಣ ಅಂದರೆ, ‘ಅದು ಅನ್ಯರ ಆಚಾರ’ ಎಂದು ಒಪ್ಪಲಿಲ್ಲ. ಊರೂರು ತಿರುಗುವ ಒಬ್ಬ ಬೋಧಕ ಹೊಲಕ್ಕೆ ಬಂದು, ಕಣ್ಣು ಮುಚ್ಚಿ ಪ್ರಾರ್ಥಿಸಿ, ಬೆರಳು ಮಾಡಿ ‘ಇಲ್ಲಿ’ ಅಂದ. ಅದನ್ನು ನಂಬಿದ. ತೆಂಗಿನಕಾಯಿಗೂ ಬೆರಳಿಗೂ ಏನು ವ್ಯತ್ಯಾಸ ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಆ ದಿನ ಇರಲಿಲ್ಲ, ಅದರ ನಾಚಿಕೆ ಇನ್ನೂ ಇದೆ. ಸಾಲ ತಂದು ಕೊಳವೆಬಾವಿ ಕೊರೆಸಿದರು. ಬೂದಿಯಂಥ ದೂಳು ಬಂತು. ಬೋಧಕ, ನಿನ್ನ ನಂಬಿಕೆ ಸಾಲದಾಯಿತು ಎಂದು ಹೇಳಿ ಮುಂದಿನ ಊರಿಗೆ ಹೋದ.

ಈ ಕಥೆಯನ್ನು ಮೇಷ್ಟ್ರು ಒಮ್ಮೆ ಹರಿಹರದಲ್ಲಿ, ಆರೋಗ್ಯ ಮಾತೆಯ ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಒಬ್ಬ ಕಥೋಲಿಕ ಗುರುಗಳಿಗೆ ಹೇಳಿದರು. 2019ರಲ್ಲಿ ಬೆಸಿಲಿಕಾ ಎಂಬ ಪದವಿ ಸಿಕ್ಕ ಆ ದೇವಾಲಯದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುಗಳು ಇಗ್ನೇಷಿಯಸ್ ಲೊಯೋಲಾನ ಕಥೆ ಹೇಳಿದರು. 1521ರಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಸಿಪಾಯಿ. ಮರುವರ್ಷ ಯಾತ್ರೆ ಹೊರಟಾಗ, ದಾರಿಯಲ್ಲಿ ಸಿಕ್ಕ ಒಬ್ಬ ಮೂರ್, ಅಂದರೆ ಸ್ಪೇನಿನ ಮುಸ್ಲಿಮನು, ಮಾತೆ ಮರಿಯಳ ಬಗ್ಗೆ ಒಪ್ಪದ ಮಾತಾಡಿ ಮುಂದೆ ಹೋದ. ಬೆನ್ನಟ್ಟಿ ಇರಿಯಬೇಕೋ ಬಿಡಬೇಕೋ? ತಿಳಿಯದೆ ಇಗ್ನೇಷಿಯಸ್ ತಾನು ಕೂತ ಹೇಸರಗತ್ತೆಯ ಲಗಾಮು ಸಡಿಲ ಬಿಟ್ಟ. ಅದು ಅವನ ಹಿಂದೆ ಹೋದರೆ ಇರಿತ, ಹೆದ್ದಾರಿ ಹಿಡಿದರೆ ಕ್ಷಮೆ. ಕತ್ತೆ ಹೆದ್ದಾರಿ ಹಿಡಿಯಿತು. ‘ಕತ್ತೆಗೆ ಬುದ್ಧಿ ಇತ್ತು, ಉಳ್ಕೊಂಡ’ ಎಂದು ಗುರುಗಳು ನಕ್ಕರು. ಅದೇ ಮನುಷ್ಯ ಮುಂದೆ, ಯಾವ ಯೋಚನೆ ಬಂದು ಹೋದ ಮೇಲೆ ಮನಸ್ಸು ಒಣಗುತ್ತದೆ, ಯಾವುದು ಹೋದ ಮೇಲೂ ತಣ್ಣಗೆ ಉಳಿಯುತ್ತದೆ ಎಂದು ದಿನದಿನವೂ ತನ್ನನ್ನೇ ನೋಡಿಕೊಂಡು ವಿವೇಚನೆಯ ನಿಯಮಗಳನ್ನು ಬರೆದ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವನ ಪುಸ್ತಕದಲ್ಲಿ ಕತ್ತೆಗೆ ಜಾಗವಿಲ್ಲ.

ಹೋರಿ ಬೆದರಿಸುವುದನ್ನು ನೋಡಿ ಬೆಳೆದ ಹೊನ್ನಾಳಿಯವರಿಗೆ ಈ ಕಥೆ ಹೇಳುವಾಗ ಮೇಷ್ಟ್ರು ಕತ್ತೆಯ ಬದಲು ಹೋರಿ ಹಾಕುತ್ತಾರೆ. ‘ಹಂಗಾದ್ರೆ ಇರಿತಾನೇ ಗತಿ’ ಎಂದು ಕೇಳಿದವರು ನಗುತ್ತಾರೆ.

ಈಗ ಹಲವು ಕಡೆ ಚೀಟಿಯ ಬದಲು ಬಣ್ಣದ ಕಾರ್ಡು ಬಂದಿದೆ, ಹಿಂದೆ ಜಲಪಾತದ ಚಿತ್ರ. ಮೊಬೈಲಿನಲ್ಲೂ ಬರುತ್ತದೆ, ಮುಟ್ಟಿದರೆ ಒಂದು ವಚನ, ಹಿಡಿಸದಿದ್ದರೆ ಮತ್ತೆ ಮುಟ್ಟಬಹುದು. 2020ಕ್ಕೆ ಮೇಷ್ಟ್ರಿಗೆ ಬಂದದ್ದು, ಹೋಗುವಾಗಲೂ ಬರುವಾಗಲೂ ಕಾಯುವೆನೆಂಬ 121ನೆಯ ಕೀರ್ತನೆಯ ಮಾತು. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಿತ್ತು, ಹೋಗುವುದೂ ಇಲ್ಲ ಬರುವುದೂ ಇಲ್ಲ. ಅವ್ವ ಇದ್ದಿದ್ದರೆ ಮೂರು ಮನೆಗೆ ಹೋಗಿ ಓದಿಸಲೂ ಆಗುತ್ತಿರಲಿಲ್ಲ.

ಬಾಮೈದ ಮೊನ್ನೆ ಫೋನ್ ಮಾಡಿದ್ದ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ, ಕೊಳವೆಯಲ್ಲಿ ಒಯ್ದು ಜಗಳೂರು ಸೀಮೆಯ 57 ಕೆರೆ ತುಂಬಿಸುವ ಯೋಜನೆಯ ನೀರು ಅವನ ಕಡೆಯ ಕೆರೆಗೂ ಬಂದಿದೆ. ಅದರ ಹಿಂದೆ ಬಿದ್ದು ಒತ್ತಾಯ ಮಾಡಿದ್ದು ಸಿರಿಗೆರೆಯ ಮಠ. ಹೊನ್ನಾಳಿಯ ಸೇತುವೆಯ ಕೆಳಗೆ ಹರಿದು ಹೋದ ನೀರೇ ಅದು. ‘ಭಾವಾ, ಆವತ್ತಿನ ವಚನ ನಿಜ ಆತಲ್ಲ!’ ಅಂದ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನಿಬ್ಬರ ಹತ್ರ ಕೇಳು’ ಅಂದರು.

ಕೊಳವೆಬಾವಿಯ ಬಾಯಿಗೆ ಮುಚ್ಚಿದ ಚಪ್ಪಡಿ ಕಲ್ಲು ಇನ್ನೂ ಅಲ್ಲೇ ಇದೆ. ಅದರ ಸಾಲದ ಕೊನೆಯ ಕಂತು ತೀರಿದ್ದು 2011ರಲ್ಲಿ.